ಕಾಳು ಹೊಟ್ಟೆಗೆ ಒಗ್ಗದಿದ್ದರೆ ಬಿಟ್ಟೇ ಬಿಡಬೇಕೆ?

ರೋಣ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರಾಂಶ: ಹದಿನೆಂಟು ವರ್ಷ ಬೆಂಗಳೂರಿನಲ್ಲಿದ್ದು, ಅನ್ನ, ತಿಳಿಸಾರು, ಇಡ್ಲಿಗಳಲ್ಲೇ ದಿನ ಕಳೆದ ಅವರು ಕಳೆದ ವರ್ಷ ಊರಿಗೆ ಮರಳಿದ್ದಾರೆ. ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಚರಗ (ಭೂತಾಯಿಗೆ ಅರ್ಪಿಸುವ ನೈವೇದ್ಯ) ಚೆಲ್ಲಿ, ಎಲ್ಲರೊಂದಿಗೆ ಕುಳಿತು ಸಜ್ಜೆ ರೊಟ್ಟಿ, ಮಡಕಿಕಾಳಿನ ಪಲ್ಯ, ಎಣ್ಣೆಗಾಯಿ, ಹಸಿ ಉಳ್ಳಾಗಡ್ಡಿ, ಶೇಂಗಾ ಹೋಳಿಗೆಗಳನ್ನು ಹೊಟ್ಟೆ ತುಂಬ ಉಂಡರು. ಸಂಜೆ ಹಾಲು ಕುಡಿದ ಮೇಲೆ ಹೊಟ್ಟೆ ಉಬ್ಬಿ, ನುಲಿತ ಶುರುವಾಗಿ, ನಡುರಾತ್ರಿಯವರೆಗೂ ಒದ್ದಾಡಿದರು. ಮತ್ತೆರಡು ಸಲ ಕಾಳು ತಿಂದಾಗಲೂ ಹಾಗೆಯೇ ಆಯಿತು. "ನಿನ್ನ ಹೊಟ್ಟಿ ಪ್ಯಾಟಿ ಹೊಟ್ಟಿ ಆಗೇತಿ, ಕಾಳು ಬಿಟ್ಟುಬಿಡವಾ" ಎಂದು ಅತ್ತೆಯವರು ಹೇಳಿದ್ದಾರೆ. ಬಿಡಬೇಕೆ ಎಂಬುದು ಅವರ ಪ್ರಶ್ನೆ.

ಸಹೋದರಿ, ನಮಸ್ಕಾರ.

ನೀವು ಬರೆದಿರುವ ಲಕ್ಷಣಗಳನ್ನಷ್ಟೇ ನೋಡಿದರೆ, ಬಿಡಬೇಕಾಗಿಲ್ಲ ಎಂಬುದು ನನ್ನ ಉತ್ತರ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಮತ್ತು ಜೋಳ ಬೆಳೆಯುವ ಎರೆ ಭೂಮಿಯ ಮನೆಯಲ್ಲಿ ಕಾಳನ್ನು ಬಿಟ್ಟು ಉಣ್ಣುವುದೆಂದರೆ ಅರ್ಧ ಊಟವನ್ನೇ ಬಿಟ್ಟಂತೆ. ಅಂಥ ನಿರ್ಧಾರವನ್ನು ಮೂರು ಕೆಟ್ಟ ರಾತ್ರಿಗಳ ಆಧಾರದ ಮೇಲೆ ತೆಗೆದುಕೊಳ್ಳಬೇಡಿ.

ನೀವು ಸಂಜೆಯ ಹಾಲಿನ ಮೇಲೂ ಸಂಶಯಪಟ್ಟಿದ್ದೀರಿ. ಆ ಹಾಲನ್ನು ಬೆಂಗಳೂರಿನಲ್ಲೂ ದಿನವೂ ಕುಡಿಯುತ್ತಿದ್ದಿರಿ, ಆಗ ಏನೂ ಆಗಿರಲಿಲ್ಲ ಎಂದು ನೀವೇ ಬರೆದಿದ್ದೀರಿ. ಮಧ್ಯಾಹ್ನ ಉಂಡದ್ದು ಜಠರ ಮತ್ತು ಸಣ್ಣ ಕರುಳನ್ನು ದಾಟಿ ದೊಡ್ಡ ಕರುಳನ್ನು ತಲುಪಲು ಹಲವು ಗಂಟೆಗಳೇ ಬೇಕು. ಕಾಳಿನ ವಾಯು ಹುಟ್ಟುವುದು ಆ ದೊಡ್ಡ ಕರುಳಿನಲ್ಲಿ. ಆದ್ದರಿಂದ ಒಂದು ಗಂಟೆಗೆ ತಿಂದ ಕಾಳಿನ ತೊಂದರೆ ಸಂಜೆ ಆರೇಳರ ಸುಮಾರಿಗೆ ಕಾಣಿಸಿಕೊಳ್ಳುತ್ತದೆ, ಅಪವಾದ ಮಾತ್ರ ಕಡೆಯಲ್ಲಿ ಬಾಯಿಗೆ ಹಾಕಿಕೊಂಡ ಪದಾರ್ಥದ ಮೇಲೆ ಬರುತ್ತದೆ.

ಕಾಳುಗಳಲ್ಲಿ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳಿವೆ. ಅವುಗಳನ್ನು ಒಡೆಯುವ ಕಿಣ್ವ ಮನುಷ್ಯರ ಸಣ್ಣ ಕರುಳಿನಲ್ಲಿ ಇಲ್ಲ. ನಿಮ್ಮಲ್ಲಿಯೂ ಇಲ್ಲ, ನಿಮ್ಮ ಅತ್ತೆಯವರಲ್ಲಿಯೂ ಇಲ್ಲ. ಹೀಗಾಗಿ ಅವು ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುತ್ತವೆ, ಅಲ್ಲಿರುವ ಸೂಕ್ಷ್ಮಜೀವಿಗಳು ಅವನ್ನು ಹುದುಗಿಸುತ್ತವೆ, ಆಗ ಜಲಜನಕ, ಇಂಗಾಲದ ಡೈಆಕ್ಸೈಡ್ ಮತ್ತು ಕೆಲವರಲ್ಲಿ ಮೀಥೇನ್ ಅನಿಲಗಳು ಹುಟ್ಟುತ್ತವೆ. ದಿನವೂ ಕಾಳು ತಿನ್ನುವ ಅತ್ತೆಯವರ ಕರುಳಿನ ಸೂಕ್ಷ್ಮಜೀವಿ ಸಮುದಾಯ ಈ ಆಹಾರಕ್ಕೆ ಹೊಂದಿಕೊಂಡಿದೆ. ಹದಿನೆಂಟು ವರ್ಷ ಅಪರೂಪಕ್ಕೆ ಕಾಳು ಕಂಡ ನಿಮ್ಮ ಕರುಳಿನಲ್ಲಿ ಆ ಹೊಂದಾಣಿಕೆ ಆಗಬೇಕಾಗಿದೆ, ಅದು ಆಗುವಂಥದ್ದೇ. ಕಾಳನ್ನು ಕ್ರಮವಾಗಿ ತಿನ್ನತೊಡಗಿದ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ಉಬ್ಬರ ಕಡಿಮೆಯಾಗುತ್ತದೆ. "ಪ್ಯಾಟಿ ಹೊಟ್ಟಿ" ಎಂಬ ಮಾತಿನಲ್ಲಿ ಸತ್ಯವಿದೆ. ಆದರೆ ಅದು ನಿಮ್ಮ ಶಾಶ್ವತ ಸ್ಥಿತಿಯಲ್ಲ.

ಇನ್ನೊಂದು ಮಾತು: ಅಂದಿನ ಊಟದಲ್ಲಿ ಕಾಳು ಒಂದೇ ಇರಲಿಲ್ಲ. ಉಳ್ಳಾಗಡ್ಡಿ ಮತ್ತು ಬೆಳ್ಳುಳ್ಳಿಗಳಲ್ಲಿ ಫ್ರಕ್ಟಾನ್ ಎಂಬ, ಅದೇ ರೀತಿ ದೊಡ್ಡ ಕರುಳಿನಲ್ಲಿ ಹುದುಗುವ ಅಂಶವಿದೆ. ಸಜ್ಜೆಯಲ್ಲಿ ನಾರು ಹೆಚ್ಚು. ಎಣ್ಣೆಗಾಯಿಯ ಎಣ್ಣೆ ಮತ್ತು ಹೋಳಿಗೆಯ ಶೇಂಗಾದಲ್ಲಿರುವ ಕೊಬ್ಬು ಜಠರ ಬರಿದಾಗುವುದನ್ನು ನಿಧಾನಗೊಳಿಸುತ್ತದೆ. ಹೊಲದ ಊಟದ ಸಂಭ್ರಮದಲ್ಲಿ ಯಾರೂ ಅಳೆದು ಉಣ್ಣುವುದಿಲ್ಲ, ಉಣ್ಣಲೂಬಾರದು. ಆದರೆ ಬಹುಕಾಲದ ನಂತರ ಒಂದು ಪದಾರ್ಥವನ್ನು ಮತ್ತೆ ರೂಢಿಸಿಕೊಳ್ಳಲು ಹಬ್ಬದ ದಿನ ತಕ್ಕದ್ದಲ್ಲ.

ಈಗ ಹೊಸದಾಗಿ ಆರಂಭಿಸಿ. ಮೊದಲ ವಾರ ಸಿಪ್ಪೆ ತೆಗೆದ ಹೆಸರುಬೇಳೆಯ ತೊವ್ವೆ ಸಾಕು. ಅನಂತರ ಎರಡು ಚಮಚೆಯಷ್ಟು ಕಾಳು, ವಾರಕ್ಕೆ ಮೂರು ದಿನ, ಮಧ್ಯಾಹ್ನದ ಊಟದಲ್ಲಿ. ಅದು ಸಲೀಸಾಗಿ ನಡೆದರೆ ವಾರದಿಂದ ವಾರಕ್ಕೆ ಸ್ವಲ್ಪ ಹೆಚ್ಚಿಸಿ. ಆ ದಿನಗಳಲ್ಲಿ ಹೊಸದಾಗಿ ಬೇರೆ ಏನನ್ನೂ ಸೇರಿಸಬೇಡಿ; ಹಾಗೆ ಮಾಡಿದರೆ ತೊಂದರೆ ಯಾವುದರಿಂದ ಬಂತೆಂದು ತಿಳಿಯುವುದೇ ಇಲ್ಲ. ಹೆಸರು ಒಗ್ಗಿದ ಮೇಲೆ ಮಡಕಿ, ಅಲಸಂದಿ. ಇಡೀ ಕಡಲೆಯನ್ನು ಕೊನೆಗೆ ಇಟ್ಟುಕೊಳ್ಳಿ.

ಅಡುಗೆಯ ಕ್ರಮವೂ ಮುಖ್ಯ. ಕಾಳನ್ನು 8ರಿಂದ 12 ಗಂಟೆ ನೆನೆಸಿ ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ. ಮೇಲೆ ಹೇಳಿದ ಸಕ್ಕರೆಗಳು ನೀರಿನಲ್ಲಿ ಕರಗುವಂಥವಾದ್ದರಿಂದ ಒಂದು ಪಾಲು ಅಲ್ಲಿಯೇ ಹೋಗುತ್ತದೆ. ಇದೇ ಕಾರಣಕ್ಕೆ ಮೊದಲ ಕೆಲವು ವಾರ ಕಾಳಿನ ಕಟ್ಟಿನ ಸಾರನ್ನು ನೀವು ಬಿಟ್ಟಿರುವುದು ಒಳ್ಳೆಯದು, ಬೇಯುವಾಗ ಬಿಟ್ಟುಕೊಟ್ಟದ್ದೆಲ್ಲ ಕಟ್ಟಿನಲ್ಲಿಯೇ ಇರುತ್ತದೆ. ನಮ್ಮ ಕಡೆ ಮಡಕಿ, ಹೆಸರುಗಳನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವ ರೂಢಿ ನಿಮಗೆ ಇನ್ನೂ ಹೆಚ್ಚು ನೆರವಾಗುತ್ತದೆ, ಏಕೆಂದರೆ ಮೊಳೆಯುವ ಕಾಳು ತನ್ನ ಬೆಳವಣಿಗೆಗೆ ಮೊದಲು ಖರ್ಚು ಮಾಡುವುದು ಈ ಸಕ್ಕರೆಗಳನ್ನೇ. ಮೊಳಕೆಕಾಳನ್ನು ಹಸಿಯಾಗಿ ತಿನ್ನಬೇಡಿ, ಚೆನ್ನಾಗಿ ಬೇಯಿಸಿಯೇ ಉಣ್ಣಿ.

ಬೇಗ ಬೇಯಲೆಂದು ಅಡುಗೆ ಸೋಡಾ ಹಾಕುತ್ತೀರೆಂದು ಬರೆದಿದ್ದೀರಿ. ಅದರಿಂದ ಕಾಳಿನಲ್ಲಿರುವ ಬಿ1 ಜೀವಸತ್ವ ಹಾಳಾಗುತ್ತದೆ. ಕುಕ್ಕರ್‌ನಲ್ಲಿ ಎರಡು ಸೀಟಿ ಹೆಚ್ಚು ಕೂಗಿಸಿದರೆ ಸೋಡಾದ ಅಗತ್ಯವೇ ಇಲ್ಲ. ನೊರೆಯುಕ್ಕುವ ಆಮ್ಲನಾಶಕ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿದರೆ ತೇಗು ಬರುತ್ತದೆ, ಆ ತೇಗಿನಿಂದ ಸಮಾಧಾನವೂ ಆಗಬಹುದು, ಆದರೆ ಅದು ಜಠರದ ಆಮ್ಲಕ್ಕೆ ಇರುವ ಮದ್ದು. ದೊಡ್ಡ ಕರುಳಿನಲ್ಲಿ ಹುಟ್ಟುವ ವಾಯುವನ್ನು ಅದು ತಡೆಯುವುದಿಲ್ಲ. ಊಟದ ನಂತರ ಕಾಲು ಗಂಟೆ ಅಂಗಳದಲ್ಲಿ ಅಡ್ಡಾಡುವುದು ಅದಕ್ಕಿಂತ ಹೆಚ್ಚು ಉಪಕಾರಿ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ವಿಷಯದಲ್ಲಿ ನಾನು ಪಟ್ಟು ಹಿಡಿಯುತ್ತೇನೆ. ನಿಮಗೆ ಐವತ್ತು ದಾಟಿದೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ನಿಲ್ಲದ ವಾಂತಿ, ನಿದ್ದೆಯಿಂದ ಎಬ್ಬಿಸುವ ನೋವು ಅಥವಾ ಬಹಿರ್ದೆಸೆಯ ರೂಢಿ ಬದಲಾಗಿ ವಾರಗಟ್ಟಲೆ ಹಾಗೆಯೇ ಉಳಿಯುವುದು, ಇವುಗಳಲ್ಲಿ ಒಂದು ಕಂಡರೂ ಅದನ್ನು ಕಾಳಿನ ಲೆಕ್ಕಕ್ಕೆ ಹಾಕದೆ ಗದಗದ ಜಿಮ್ಸ್ ಆಸ್ಪತ್ರೆಗೋ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗೋ ಹೋಗಿ ತೋರಿಸಿ. ಕಾಳು ತಿಂದ ಕೆಲವೇ ನಿಮಿಷಗಳಲ್ಲಿ ತುಟಿ ಬಾತು, ಮೈಮೇಲೆ ದದ್ದು ಎದ್ದು, ಉಸಿರು ಕಟ್ಟಿದಂತಾದರೆ ಅದು ಅಜೀರ್ಣವಲ್ಲ, ಅಲರ್ಜಿ. ಆಗ ತಡಮಾಡದೆ ಹತ್ತಿರದ ಆಸ್ಪತ್ರೆಗೆ ಹೋಗಬೇಕು, ಮತ್ತು ಆ ಕಾಳನ್ನು ಮನೆಯಲ್ಲಿ ಪುನಃ ಪರೀಕ್ಷಿಸಲೇಬಾರದು. ನಿಮ್ಮ ಪತ್ರದಲ್ಲಿ ಇಂಥದ್ದೇನೂ ಇಲ್ಲವೆಂಬುದೇ ನನ್ನ ಧೈರ್ಯಕ್ಕೆ ಕಾರಣ.

ಮುಂದಿನ ಚರಗ ಶೀಗಿ ಹುಣ್ಣಿಮೆಗೆ. ಅಷ್ಟರೊಳಗೆ ನಿಮಗೆ ಸಾಕಷ್ಟು ತಿಂಗಳುಗಳಿವೆ. ಅಂದು ಮೊಳಕೆ ಮಡಕಿಯ ಪಲ್ಯವನ್ನು ಅಳುಕದೆ ಬಡಿಸಿಕೊಳ್ಳಿ, ಶೇಂಗಾ ಹೋಳಿಗೆಯನ್ನು ಮಾತ್ರ ಮರುದಿನಕ್ಕೆ ಕಟ್ಟಿಕೊಂಡು ಮನೆಗೆ ತನ್ನಿ.