ಬಾಂಡ್ ಚಿತ್ರಗಳು ಯಾಕೆ ಬೇಸರ ತರಿಸುತ್ತಿವೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಜೇಮ್ಸ್ ಬಾಂಡ್ ಸರಣಿಯ ಬಗ್ಗೆ ಬಂದಿರುವ ಪತ್ರಗಳಲ್ಲಿ ಹೊಗಳಿಕೆಗಿಂತ ಬೇಸರವೇ ಹೆಚ್ಚು. 1962ರಲ್ಲಿ ಶುರುವಾದ ಸರಣಿ ಇದು. 2021ರ ಹೊತ್ತಿಗೆ ಇಯಾನ್ ಪ್ರೊಡಕ್ಷನ್ಸ್ ತೆಗೆದ ಚಿತ್ರಗಳೇ 25 ಆಗಿದ್ದವು. ಅಭಿಮಾನ ಇರುವವರಿಗೇ ಇಷ್ಟು ಬೇಸರ ಆಗುವುದು. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ. ಕಥೆಯ ಗುಟ್ಟುಗಳನ್ನು ಬಿಚ್ಚದೆ ಉತ್ತರಿಸಲು ಆಗುವುದಿಲ್ಲ, ಚಿತ್ರ ನೋಡದವರು ಗಮನಿಸಿ.

ಪ್ರಶ್ನೆ: ‘ಸ್ಕೈಫಾಲ್’ ತುಂಬಾ ಹಿಡಿಸಿತ್ತು. ಅದೇ ನಿರ್ದೇಶಕ, ಅದೇ ನಾಯಕ ಇದ್ದೂ ‘ಸ್ಪೆಕ್ಟರ್’ ಯಾಕೆ ಅಷ್ಟು ಸಪ್ಪೆಯಾಯಿತು? ಬ್ಲೋಫೆಲ್ಡ್‌ಗೂ ಬಾಂಡ್‌ಗೂ ಅಣ್ಣತಮ್ಮಂದಿರ ಸಂಬಂಧ ಕಟ್ಟುವ ಅಗತ್ಯ ಏನಿತ್ತು?

ಉತ್ತರ: ಇದರ ಬೇರು ಇರುವುದು ಕೋರ್ಟು ವ್ಯಾಜ್ಯದಲ್ಲಿ. ‘ಥಂಡರ್‌ಬಾಲ್’ ಕಥೆಯನ್ನು ಬಾಂಡ್ ಕಾದಂಬರಿಗಳ ಲೇಖಕ ಇಯಾನ್ ಫ್ಲೆಮಿಂಗ್ ಒಬ್ಬರೇ ಕಟ್ಟಿದ್ದಲ್ಲ. ಕೆವಿನ್ ಮೆಕ್‌ಕ್ಲೋರಿ, ಜಾಕ್ ವಿಟಿಂಗ್‌ಹ್ಯಾಮ್ ಜೊತೆ ಸೇರಿ ಮೊದಲು ಚಿತ್ರಕಥೆಯಾಗಿ ಬರೆದಿದ್ದರು. 1961ರಲ್ಲಿ ಫ್ಲೆಮಿಂಗ್ ಅದನ್ನು ಕಾದಂಬರಿಯಾಗಿ ತಮ್ಮ ಹೆಸರಲ್ಲಿ ಪ್ರಕಟಿಸಿದಾಗ ಮೆಕ್‌ಕ್ಲೋರಿ ದಾವೆ ಹೂಡಿದರು. 1963ರಲ್ಲಿ ರಾಜಿಯಾಗಿ ಆ ಕಥೆಯ ಚಿತ್ರದ ಹಕ್ಕು ಅವರಿಗೆ ಹೋಯಿತು. ಆ ಕಥೆಯಲ್ಲಿ ಬರುವ ಸ್ಪೆಕ್ಟರ್ ಎಂಬ ದುಷ್ಟ ಸಂಘಟನೆ, ಅದರ ಮುಖ್ಯಸ್ಥ ಬ್ಲೋಫೆಲ್ಡ್ ಯಾರ ಸ್ವತ್ತು ಎಂಬ ಜಗಳ ಮಾತ್ರ ದಶಕಗಟ್ಟಲೆ ಎಳೆಯಿತು. 1981ರ ‘ಫಾರ್ ಯುವರ್ ಐಸ್ ಓನ್ಲಿ’ ಶುರುವಿನಲ್ಲಿ ಗಾಲಿಕುರ್ಚಿಯ ಮೇಲೆ ಕೂತ, ಬಿಳಿ ಬೆಕ್ಕು ಸಾಕಿದ ಬೋಳುತಲೆಯವನೊಬ್ಬ ಹೆಸರೇ ಇಲ್ಲದೆ ಸಾಯುತ್ತಾನಲ್ಲ, ಅದರ ಹಿಂದಿರುವುದೂ ಈ ಜಗಳವೇ.

ಮೆಕ್‌ಕ್ಲೋರಿ ವಾರಸುದಾರರಿಂದ ಹಕ್ಕು ಬಾಂಡ್ ಚಿತ್ರಗಳ ನಿರ್ಮಾಪಕರ ಕೈಗೆ ಬಂದದ್ದು 2013ರಲ್ಲಿ. ಅಷ್ಟರೊಳಗೆ ಬಾಂಡ್ ಆಗಿ ಡೇನಿಯಲ್ ಕ್ರೇಗ್‌ನ ಮೂರು ಚಿತ್ರಗಳು ಬಂದುಹೋಗಿದ್ದವು, ಸ್ಪೆಕ್ಟರ್ ಬದಲಿಗೆ ‘ಕ್ವಾಂಟಮ್’ ಎಂಬ ಬೇರೆ ಸಂಘಟನೆಯನ್ನು ಸೃಷ್ಟಿಸಿಯೂ ಆಗಿತ್ತು. ಹಕ್ಕು ಸಿಕ್ಕಿದ ಮೇಲೆ ಎರಡು ದಾರಿ ಇತ್ತು. ಬ್ಲೋಫೆಲ್ಡ್‌ನನ್ನು ಹೊಸ ಶತ್ರುವಾಗಿ ತರಬಹುದಿತ್ತು. ಇಲ್ಲವೇ ಹಿಂದಿನ ಎಲ್ಲದರ ಹಿಂದೆಯೂ ಅವನೇ ಇದ್ದ ಅನ್ನಬಹುದಿತ್ತು. ಅವರು ಎರಡನೆಯದನ್ನು ಹಿಡಿದರು. ಅದರಿಂದ ಆದ ನಷ್ಟ ದೊಡ್ಡದು. ‘ಸ್ಕೈಫಾಲ್’ನ ಖಳನಾಯಕ ಸಿಲ್ವಾನ ಬಲವೆಲ್ಲ ಇದ್ದದ್ದು ಅವನ ಸ್ವಂತ ಸಿಟ್ಟಿನಲ್ಲಿ: ಗೂಢಚಾರ ಸಂಸ್ಥೆಯ ಮುಖ್ಯಸ್ಥೆ ‘ಎಂ’ ತನ್ನನ್ನು ಶತ್ರುವಿಗೆ ಒಪ್ಪಿಸಿದಳು, ಅವಳ ಮೇಲೆ ಸೇಡು ತೀರಬೇಕು. ಅವನೂ ಬ್ಲೋಫೆಲ್ಡ್‌ನ ಆಳು ಎಂದಾಗ ಆ ಸಿಟ್ಟಿಗೆ ಬೆಲೆ ಎಲ್ಲಿ ಉಳಿಯಿತು? ಇನ್ನು ಸಂಬಂಧದ ವಿಚಾರ. ಅನಾಥ ಬಾಂಡ್‌ನನ್ನು ಸಾಕಿದ ಓಬರ್‌ಹೌಸರ್‌ನ ಮಗನೇ ಬ್ಲೋಫೆಲ್ಡ್, ತಂದೆಯ ಪ್ರೀತಿ ಬಾಂಡ್‌ಗೆ ಹೋಯಿತೆಂಬ ಹೊಟ್ಟೆಕಿಚ್ಚಿನಿಂದ ಇಷ್ಟೆಲ್ಲ ಮಾಡಿದ ಎನ್ನುತ್ತದೆ ಚಿತ್ರ. ಜಗತ್ತನ್ನೇ ಹೆದರಿಸಬೇಕಾದ ಸಂಘಟನೆ ಇದರಿಂದ ಒಂದು ಮನೆಯೊಳಗಿನ ಮುನಿಸಿನ ಮಟ್ಟಕ್ಕೆ ಇಳಿಯಿತು.

ಬರವಣಿಗೆಯ ತೊಂದರೆ ಸಣ್ಣ ದೃಶ್ಯಗಳಲ್ಲೂ ಕಾಣುತ್ತದೆ. ರೋಮ್ ನಗರದ ಕಾರ್ ಚೇಸ್ ನೋಡಿ: ರಸ್ತೆಗಳು ಹೆಚ್ಚುಕಡಿಮೆ ಖಾಲಿ, ಬಾಂಡ್ ಗಾಡಿ ಓಡಿಸುತ್ತಲೇ ಕಚೇರಿಯ ಸಹೋದ್ಯೋಗಿ ಮನಿಪೆನ್ನಿಗೆ ಫೋನ್ ಮಾಡಿ ಮಾಹಿತಿ ಕೇಳುತ್ತಿರುತ್ತಾನೆ. ಬೆನ್ನಟ್ಟಿಸಿಕೊಂಡವನಿಗೇ ಆತಂಕ ಇಲ್ಲದ ಮೇಲೆ ನೋಡುವವರಿಗೆ ಎಲ್ಲಿಂದ ಬರಬೇಕು? ಮರುಭೂಮಿಯ ಅಡ್ಡೆಯಲ್ಲಿ ಬಾಂಡ್‌ನ ತಲೆಗೆ ಡ್ರಿಲ್ ಇಳಿಸುತ್ತಾರೆ, ಮುಖಗಳ ನೆನಪೇ ಹೋಗುತ್ತದೆ ಎಂದು ಮೊದಲೇ ಹೆದರಿಸಿರುತ್ತಾರೆ. ಮರುಕ್ಷಣ ಅವನು ಎದ್ದು ಗುರಿ ತಪ್ಪದೆ ಗುಂಡು ಹಾರಿಸುತ್ತಾನೆ. ‘ಕ್ಯಾಸಿನೊ ರಾಯಲ್’ನಲ್ಲಿ ಹಿಂಸೆ ಅನುಭವಿಸಿದ ಅದೇ ಬಾಂಡ್ ಚೇತರಿಸಿಕೊಳ್ಳಲು ಆಸ್ಪತ್ರೆ ಸೇರಬೇಕಾಗಿತ್ತು. ಮೊರೊಕ್ಕೊದಲ್ಲಿ ಆ ಅಡ್ಡೆ ಸಿಡಿಯುವ ದೃಶ್ಯಕ್ಕೆ 8,418 ಲೀಟರ್ ಸೀಮೆಎಣ್ಣೆ, 33 ಕಿಲೋ ಸ್ಫೋಟಕ ಬಳಸಿ ಗಿನ್ನೆಸ್ ದಾಖಲೆ ಮಾಡಿದರು. ಆದರೆ ಬಾಂಡ್ ಮತ್ತು ಅವನ ಪ್ರೇಯಸಿ ಮ್ಯಾಡಲೀನ್ ಅಷ್ಟು ಹೊತ್ತಿಗೆ ಅಪಾಯ ದಾಟಿ ದೂರ ನಿಂತು ನೋಡುತ್ತಿರುತ್ತಾರೆ. ಅಷ್ಟು ದೊಡ್ಡ ಬೆಂಕಿ ನಮ್ಮನ್ನು ತಟ್ಟದಿರುವುದು ಇದೇ ಕಾರಣಕ್ಕೆ.

ಪ್ರಶ್ನೆ: ‘ಕ್ವಾಂಟಮ್ ಆಫ್ ಸಾಲಿಸ್’ನಲ್ಲಿ ಯಾರು ಯಾರಿಗೆ ಹೊಡೆಯುತ್ತಿದ್ದಾರೆ ಅಂತಲೇ ತಿಳಿಯುವುದಿಲ್ಲ. ನಮ್ಮ ಕಣ್ಣಿನದೇ ದೋಷವೇ?

ಉತ್ತರ: ನಿಮ್ಮ ಕಣ್ಣು ಸರಿಯಾಗಿದೆ. ‘ಬೋರ್ನ್’ ಎಂಬ ಗೂಢಚಾರ ಚಿತ್ರಗಳಲ್ಲಿ ಶಾಟ್‌ಗಳನ್ನು ಸರಸರ ಕತ್ತರಿಸಿ ಜೋಡಿಸುವ ಶೈಲಿ ಆಗ ಎಲ್ಲ ಕಡೆ ಹಬ್ಬಿತ್ತು. ಆ ಚಿತ್ರಗಳ ಸ್ಟಂಟ್ ದೃಶ್ಯಗಳನ್ನು ನಿರ್ದೇಶಿಸಿದ್ದ ಡ್ಯಾನ್ ಬ್ರಾಡ್ಲಿಯನ್ನೇ ಇಲ್ಲಿಗೂ ಕರೆತಂದರು. ಗಾರ್ಡಾ ಸರೋವರದ ಪಕ್ಕದ ಕಾರ್ ಚೇಸ್‌ನಲ್ಲಿ ಮುಂದಿನ ಗಾಡಿ ಯಾವುದು, ಹಿಂದಿನದು ಯಾವುದು ಎಂದು ಕಣ್ಣಿಗೆ ಒಗ್ಗುವ ಮೊದಲೇ ಶಾಟ್ ಬದಲಾಗುತ್ತದೆ. ಫೈಟ್ ಅರ್ಥವಾಗಬೇಕಾದರೆ ಆ ಜಾಗದ ನಕ್ಷೆ ಮೊದಲು ತಲೆಯಲ್ಲಿ ಕೂರಬೇಕು. ‘ಕ್ಯಾಸಿನೊ ರಾಯಲ್’ನ ಮಡಗಾಸ್ಕರ್ ದೃಶ್ಯದಲ್ಲಿ ದೂರದಿಂದ ಹಿಡಿದ ಶಾಟ್‌ಗಳು ಕ್ರೇನ್ ಎಷ್ಟು ಎತ್ತರ, ಯಾರು ಎಲ್ಲಿದ್ದಾರೆ ಎಂದು ತೋರಿಸಿಕೊಡುತ್ತವೆ. ಜಿಗಿತದ ಭಯ ಹುಟ್ಟುವುದು ಅಲ್ಲಿಂದ.

ಇನ್ನೊಂದು ಕಾರಣ ಹಾಲಿವುಡ್ ಬರಹಗಾರರ ಮುಷ್ಕರ. 2007ರ ನವೆಂಬರ್‌ನಲ್ಲಿ ಶುರುವಾಗಿ 2008ರ ಫೆಬ್ರವರಿವರೆಗೆ ನಡೆಯಿತು, ಚಿತ್ರೀಕರಣ ಜನವರಿಯಲ್ಲೇ ಆರಂಭವಾಗಿತ್ತು. ಬಿಡುಗಡೆ ದಿನ ಗೊತ್ತಾಗಿದೆ, ಚಿತ್ರಕಥೆ ಅರೆಬರೆ ಇದೆ, ತಿದ್ದಲು ಬರಹಗಾರರಿಲ್ಲ. ನಿರ್ದೇಶಕರೂ ತಾನೂ ಸೇರಿ ದೃಶ್ಯಗಳನ್ನು ಬರೆದುಕೊಳ್ಳಬೇಕಾಯಿತೆಂದು ಕ್ರೇಗ್ ಆಮೇಲೆ ಹೇಳಿದ್ದಾರೆ. 106 ನಿಮಿಷದ ಇದು ಸರಣಿಯಲ್ಲೇ ಅತಿ ಚಿಕ್ಕದು. ಒಂದು ಸಲಹೆ: ‘ಕ್ಯಾಸಿನೊ ರಾಯಲ್’ ಮುಗಿದ ಕೂಡಲೇ ಇದನ್ನು ಹಚ್ಚಿ. ಕಥೆ ಅಲ್ಲಿಂದಲೇ ಮುಂದುವರಿಯುತ್ತದೆ, ಬಾಂಡ್‌ನ ಮೌನ ಯಾಕೆಂದು ಆಗ ತಿಳಿಯುತ್ತದೆ. ಬ್ರೆಗೆಂಜ್‌ನ ಅಪೆರಾ ದೃಶ್ಯವನ್ನಂತೂ ಬಿಡಬೇಡಿ. ಪ್ರೇಕ್ಷಕರ ನಡುವೆ ಕೂತ ಸಂಘಟನೆಯ ಸದಸ್ಯರು ತಾವಾಗಿಯೇ ಎದ್ದೇಳುವಂತೆ ಬಾಂಡ್ ಮಾಡುವ ರೀತಿ ಅಪ್ಪಟ ಗೂಢಚಾರಿಕೆ.

ಪ್ರಶ್ನೆ: ‘ಡೈ ಅನದರ್ ಡೇ’ಯ ಕಣ್ಣಿಗೆ ಕಾಣದ ಕಾರು ನೋಡಿ ಬಾಂಡ್ ಚಿತ್ರಗಳನ್ನೇ ಬಿಟ್ಟೆ. ಹಳೆಯ ಚಿತ್ರಗಳಲ್ಲೂ ಅಸಾಧ್ಯವಾದದ್ದು ಇರಲಿಲ್ಲವೇ? ಆಗ ಯಾಕೆ ಒಪ್ಪಿಕೊಂಡೆವು?

ಉತ್ತರ: ಅಸಾಧ್ಯವಾದದ್ದನ್ನು ನಿಜವಾಗಿ ಮಾಡಿ ತೋರಿಸುತ್ತಿದ್ದರು, ಅದಕ್ಕೆ. 1977ರ ‘ದಿ ಸ್ಪೈ ಹೂ ಲವ್ಡ್ ಮಿ’ ಆರಂಭದ ಹಿಮಬಂಡೆ ಜಿಗಿತ ನೋಡಿ. ಕೆನಡಾದ ಬ್ಯಾಫಿನ್ ದ್ವೀಪದ ಆಸ್ಗಾರ್ಡ್ ಶಿಖರದಿಂದ ರಿಕ್ ಸಿಲ್ವೆಸ್ಟರ್ ಸ್ಕೀ ಸಮೇತ ಹಾರಿದ್ದು. ಸಂಗೀತ ನಿಲ್ಲುತ್ತದೆ, ಮನುಷ್ಯ ಬೀಳುತ್ತಲೇ ಹೋಗುತ್ತಾನೆ, ಪ್ಯಾರಾಚೂಟ್ ಬಿಚ್ಚಿಕೊಳ್ಳುವವರೆಗೂ ಕ್ಯಾಮೆರಾ ಅವನನ್ನು ಬಿಡುವುದಿಲ್ಲ. ‘ಗೋಲ್ಡನ್ ಐ’ಯಲ್ಲಿ ವೇನ್ ಮೈಕಲ್ಸ್ ಸ್ವಿಟ್ಜರ್ಲೆಂಡಿನ 220 ಮೀಟರ್ ಎತ್ತರದ ಅಣೆಕಟ್ಟಿನಿಂದ ಹಗ್ಗ ಕಟ್ಟಿಕೊಂಡು ನಿಜಕ್ಕೂ ಧುಮುಕಿದರು.

2002ರ ‘ಡೈ ಅನದರ್ ಡೇ’ಯಲ್ಲಿ ಬಾಂಡ್ ಹಿಮನದಿ ಕುಸಿದು ಎದ್ದ ಅಲೆಯ ಮೇಲೆ ಪ್ಯಾರಾಚೂಟ್ ಹಿಡಿದು ಜಾರುವುದು ಪೂರಾ ಗ್ರಾಫಿಕ್ಸ್. ನಕಲಿಯನ್ನು ಗುರುತಿಸಲು ಮೂರು ಕಡೆ ಕಣ್ಣಿಡಿ. ಕ್ಯಾಮೆರಾ ಇರುವ ಜಾಗದಲ್ಲಿ ನಿಜವಾಗಿ ಒಬ್ಬ ನಿಲ್ಲಲು ಸಾಧ್ಯವೇ? ನೀರು ಮೈಗೆ ಬಡಿದಾಗ ಮೈ ತಡವರಿಸುತ್ತದೆಯೇ, ಇಲ್ಲ ತೇಲಿದಂತೆ ಹೋಗುತ್ತದೆಯೇ? ಮುಖದ ಮೇಲಿನ ಬೆಳಕು ಹಿನ್ನೆಲೆಯ ಬೆಳಕಿಗೆ ಹೊಂದುತ್ತದೆಯೇ? ಈ ದೃಶ್ಯ ಮೂರರಲ್ಲೂ ಸೋಲುತ್ತದೆ. ಕಾರಿನ ಮೈಮೇಲಿನ ಪುಟ್ಟ ಕ್ಯಾಮೆರಾಗಳು ಒಂದು ಬದಿಯ ಚಿತ್ರವನ್ನು ಇನ್ನೊಂದು ಬದಿಯಲ್ಲಿ ಮೂಡಿಸುತ್ತವೆ ಎಂಬ ವಿವರಣೆಯನ್ನೇನೋ ಚಿತ್ರ ಕೊಡುತ್ತದೆ. ಆದರೆ ಬಾಂಡ್ ಕಣ್ಣಿಗೇ ಬೀಳದಿದ್ದರೆ ಅವನಿಗೆ ಅಪಾಯವೇ ಇಲ್ಲವಲ್ಲ.

ಉಪಕರಣವನ್ನು ಕಥೆಯಲ್ಲಿ ಹೇಗೆ ಬಳಸಬೇಕು ಎನ್ನುವುದಕ್ಕೆ 1963ರ ‘ಫ್ರಂ ರಷ್ಯಾ ವಿತ್ ಲವ್’ನ ಬ್ರೀಫ್‌ಕೇಸ್ ಸಾಕು. ಆರಂಭದಲ್ಲೇ ಉಪಕರಣ ತಯಾರಿಸುವ ಕ್ಯೂ ವಿಭಾಗದವರು ಒಳಗಿರುವುದನ್ನೆಲ್ಲ ತೋರಿಸುತ್ತಾರೆ: ಮಡಚುವ ರೈಫಲ್, ಅಡಗಿಸಿದ ಚಾಕು, 50 ಚಿನ್ನದ ನಾಣ್ಯ, ಟಾಲ್ಕಂ ಪೌಡರ್ ಡಬ್ಬಿಯ ರೂಪದಲ್ಲಿ ಅಶ್ರುವಾಯು. ಚಿಲಕವನ್ನು ಅಡ್ಡ ತಿರುಗಿಸದೆ ತೆರೆದರೆ ಡಬ್ಬಿ ಸಿಡಿಯುತ್ತದೆ ಎಂದೂ ಹೇಳುತ್ತಾರೆ. ಕೊನೆಗೆ ರೈಲಿನಲ್ಲಿ ಪಿಸ್ತೂಲು ಹಿಡಿದು ನಿಂತ ಶತ್ರುಪಕ್ಷದ ಕೊಲೆಗಾರ ಗ್ರಾಂಟ್‌ಗೆ ಬಾಂಡ್ ನಾಣ್ಯದ ಆಸೆ ತೋರಿಸುತ್ತಾನೆ. ಇನ್ನೊಂದು ಪೆಟ್ಟಿಗೆಯನ್ನು ಗ್ರಾಂಟ್ ತಾನೇ ತೆರೆಯುತ್ತಾನೆ. ನಮಗೆ ಗೊತ್ತಿರುವುದು ಅವನಿಗೆ ಗೊತ್ತಿಲ್ಲ, ಆ ದೃಶ್ಯದ ಬಿಗಿ ಪೂರಾ ಅದರಲ್ಲಿದೆ.

ಪ್ರಶ್ನೆ: ರೋಜರ್ ಮೂರ್ ಕೊನೆಯ ಚಿತ್ರದಲ್ಲಿ ತೀರಾ ವಯಸ್ಸಾದವರಂತೆ ಕಾಣುತ್ತಾರೆ. ನಿಜವೇ?

ಉತ್ತರ: ನಿಜ. 1985ರಲ್ಲಿ ‘ಎ ವ್ಯೂ ಟು ಎ ಕಿಲ್’ ಬಂದಾಗ ಅವರಿಗೆ 57. ಫೈಟ್‌ಗಳಲ್ಲಿ ಡೂಪ್‌ನ ಮುಖ ಕಾಣುವಷ್ಟು ಆಶ್ರಯಿಸಬೇಕಾಯಿತು.

ಪ್ರಶ್ನೆ: ‘ನೋ ಟೈಮ್ ಟು ಡೈ’ನಲ್ಲಿ ಬಾಂಡ್‌ನನ್ನೇ ಸಾಯಿಸಿದ್ದು ಸರಿಯೇ? ಇದಕ್ಕಾಗಿ ಆರು ವರ್ಷ ಕಾದೆವೇ?

ಉತ್ತರ: ಸಾವನ್ನು ನಾವು ಒಪ್ಪುತ್ತೇವೆ. ಸಾವಿನ ಕಡೆಗೆ ನಡೆಸಿದ ಕಥೆ ಒಪ್ಪಿಗೆಯಾಗುವುದಿಲ್ಲ. ಮುಟ್ಟಿದರೆ ಮ್ಯಾಡಲೀನ್, ಮಗಳು ಮಟಿಲ್ಡ್ ಇಬ್ಬರೂ ಸಾಯುವಂಥ ನ್ಯಾನೊಬಾಟ್ (ಕಣ್ಣಿಗೆ ಕಾಣದಷ್ಟು ಸಣ್ಣ ಯಂತ್ರ) ಬಾಂಡ್‌ನ ಮೈಸೇರಿದೆ, ಆದ್ದರಿಂದ ಅವನು ದ್ವೀಪದಲ್ಲೇ ಉಳಿಯುತ್ತಾನೆ. ಇದು ಚೆನ್ನಾಗಿ ಕಟ್ಟಿದ ಬಿಕ್ಕಟ್ಟು. ಆದರೆ ಅದನ್ನು ತಂದೊಡ್ಡುವ ಖಳನಾಯಕ ಸಾಫಿನ್‌ಗೆ ಏನು ಬೇಕು? ತನ್ನ ಮನೆಯವರನ್ನು ಕೊಂದ ಸ್ಪೆಕ್ಟರ್ ಮೇಲೆ ಅವನ ಸೇಡು ಚಿತ್ರದ ನಡುವಿಗೇ ತೀರಿಹೋಗುತ್ತದೆ. ಆಮೇಲೆ ಲಕ್ಷಾಂತರ ಜನರನ್ನು ಯಾಕೆ ಕೊಲ್ಲಬೇಕು ಎಂಬುದಕ್ಕೆ ಒಪ್ಪುವ ಕಾರಣ ಸಿಗುವುದಿಲ್ಲ. 163 ನಿಮಿಷದ ಚಿತ್ರದಲ್ಲಿ ಕೊನೆಯ ಭಾಗ ಭಾರವಾಗುವುದು ಇಲ್ಲೇ. ಕ್ಯೂಬಾದಲ್ಲಿ ಆನಾ ಡೆ ಆರ್ಮಸ್ ಬಂದುಹೋಗುವ ಭಾಗದ ಲವಲವಿಕೆ ಇಡೀ ಚಿತ್ರಕ್ಕೆ ಇರಬೇಕಿತ್ತು.

ಆರು ವರ್ಷದ ಅಂತರಕ್ಕೆ ಕಾರಣಗಳಿವೆ. 2018ರಲ್ಲಿ ನಿರ್ದೇಶಕ ಡ್ಯಾನಿ ಬಾಯ್ಲ್ ಹೊರನಡೆದರು, ಕ್ಯಾರಿ ಫುಕುನಾಗ ಬಂದರು. 2020ರ ಏಪ್ರಿಲ್‌ಗೆ ಗೊತ್ತಾಗಿದ್ದ ಬಿಡುಗಡೆ ಕೋವಿಡ್‌ನಿಂದ 2021ರ ಸೆಪ್ಟೆಂಬರ್‌ಗೆ ಹೋಯಿತು.

ಪ್ರಶ್ನೆ: ಮುಂದಿನ ಬಾಂಡ್ ಅಮೆಜಾನ್ ಕೈಯಲ್ಲಿ ಎಂದು ಓದಿದೆ. ಇನ್ನೂ ಕೆಡುತ್ತದೆಯೇ?

ಉತ್ತರ: 2025ರ ಫೆಬ್ರವರಿಯಲ್ಲಿ ನಿರ್ಮಾಪಕರಾದ ಬಾರ್ಬರಾ ಬ್ರೊಕ್ಕೊಲಿ, ಮೈಕಲ್ ವಿಲ್ಸನ್ ಸರಣಿಯ ಸೃಜನಾತ್ಮಕ ಹಿಡಿತವನ್ನು ಅಮೆಜಾನ್ ಎಂಜಿಎಂಗೆ ಬಿಟ್ಟುಕೊಡುವುದಾಗಿ ಪ್ರಕಟಿಸಿದರು. ಹೊಸ ಚಿತ್ರಕ್ಕೆ ಡೆನಿ ವಿಲ್‌ನವ್ ನಿರ್ದೇಶಕ, ಸ್ಟೀವನ್ ನೈಟ್ ಬರಹಗಾರ ಎಂದೂ ಅದೇ ವರ್ಷ ಘೋಷಣೆಯಾಯಿತು. ಹಿಂದಿನ ಎರಡು ಉದಾಹರಣೆ ನೋಡಿದರೆ ನಮಗೆ ಆಸೆಯಿದೆ. ಬಾಂಡ್‌ನನ್ನು ಬಾಹ್ಯಾಕಾಶಕ್ಕೆ ಕಳಿಸಿದ ‘ಮೂನ್‌ರೇಕರ್’ 1979ರದು. ಮುಂದಿನ ಚಿತ್ರ ‘ಫಾರ್ ಯುವರ್ ಐಸ್ ಓನ್ಲಿ’ಯಲ್ಲಿ ಶಸ್ತ್ರಸಜ್ಜಿತ ಲೋಟಸ್ ಕಾರನ್ನು ಆರಂಭದಲ್ಲೇ ಸಿಡಿಸಿ, ಬಾಂಡ್‌ನನ್ನು ಪುಟ್ಟ ಸಿಟ್ರನ್ 2ಸಿವಿಯಲ್ಲಿ ಓಡಿಸಿದರು. ಕಣ್ಣಿಗೆ ಕಾಣದ ಕಾರಿನ ಚಿತ್ರ ಒಳ್ಳೆಯ ಹಣ ಮಾಡಿದ್ದರೂ ಅದರ ಬೆನ್ನಿಗೇ ‘ಕ್ಯಾಸಿನೊ ರಾಯಲ್’ನೊಂದಿಗೆ ಎಲ್ಲವನ್ನೂ ಮೊದಲಿನಿಂದ ಕಟ್ಟಿದರು. ಉಪಕರಣ, ವೈಭವ ಕಡಿಮೆಯಾದಾಗೆಲ್ಲ ಮನುಷ್ಯ ಬಾಂಡ್ ಮರಳಿ ಬಂದಿದ್ದಾನೆ.

ಪ್ರಶ್ನೆ: ಬೇಸತ್ತು ಬಿಟ್ಟವರು ಮತ್ತೆ ಎಲ್ಲಿಂದ ಶುರುಮಾಡಬೇಕು?

ಉತ್ತರ: ಬಿಡುಗಡೆಯಾದ ಕ್ರಮದಲ್ಲಿ 25 ನೋಡಲು ಹೋಗಬೇಡಿ, ನಡುವೆ ಎಲ್ಲೋ ಕೈಬಿಡುತ್ತೀರಿ. ‘ಫ್ರಂ ರಷ್ಯಾ ವಿತ್ ಲವ್’ ಮೊದಲು, 115 ನಿಮಿಷ. ಆಮೇಲೆ ನೇರ ‘ಕ್ಯಾಸಿನೊ ರಾಯಲ್’. ಇವೆರಡು ಹಿಡಿಸಿದರೆ ಟಿಮೊಥಿ ಡಾಲ್ಟನ್‌ನ ‘ದಿ ಲಿವಿಂಗ್ ಡೇಲೈಟ್ಸ್’ ನೋಡಿ. ರೈಫಲ್ ಹಿಡಿದ ಹುಡುಗಿಯನ್ನು ಕೊಲ್ಲದೆ ಬಿಡುವ ಬಾಂಡ್‌ನ ಒಂದು ನಿರ್ಧಾರದಿಂದ ಇಡೀ ಕಥೆ ಬಿಚ್ಚಿಕೊಳ್ಳುತ್ತದೆ. 1969ರ ‘ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್’ ನಾಲ್ಕನೆಯದಾಗಿರಲಿ. ಜಾರ್ಜ್ ಲೇಝನ್‌ಬಿ ನಟನೆ ಅಲ್ಲಲ್ಲಿ ಸೊರಗುತ್ತದೆ, 142 ನಿಮಿಷವಿದೆ, ನಡುವೆ ಒಂದಿಷ್ಟು ನಿಧಾನ. ಆದರೆ ಡಯಾನಾ ರಿಗ್ ಮಾಡಿದ ಟ್ರೇಸಿಯನ್ನು ಬಾಂಡ್ ಮದುವೆಯಾಗುವ ತನಕ ತಾಳ್ಮೆಯಿಂದ ನೋಡಿ. ‘ನೋ ಟೈಮ್ ಟು ಡೈ’ನಲ್ಲಿ ಕೇಳಿಬರುವ ಲೂಯಿ ಆರ್ಮ್‌ಸ್ಟ್ರಾಂಗ್ ಹಾಡು ಈ ಚಿತ್ರದ್ದೇ. ಇದನ್ನು ನೋಡಿಕೊಂಡು ಹೋದರೆ ಆ ಚಿತ್ರದ ಕೊನೆ ಕೂಡ ಬೇರೆ ರೀತಿ ಕೇಳಿಸುತ್ತದೆ.