ಶೂ ಡಬ್ಬಿಗೆ ಹಿಡಿಸದ ಬೇಸ್‌ಬಾಲ್ ಕಾರ್ಡ್‌ಗಳು

ಪ್ರಶ್ನೆ: ನಾವಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಪಕ್ಕದ ಬೀದಿಯಲ್ಲಿ ಒಂದು ಹಳೇ ಮನೆಯ ಸಾಮಾನು ಮಾರಾಟಕ್ಕಿಟ್ಟಿದ್ದರು. ಮಗ ಹಠ ಹಿಡಿದ ಅಂತ 15 ಡಾಲರ್ ಕೊಟ್ಟು ಆಟಗಾರರ ಚಿತ್ರವಿರುವ ಒಂದು ಡಬ್ಬಿ ಬೇಸ್‌ಬಾಲ್ ಕಾರ್ಡ್ ತಂದೆವು. ಒಟ್ಟು 43 ಕಾರ್ಡ್, ಎಲ್ಲವೂ ನಮ್ಮೂರ ಅಂಚೆ ಕಾರ್ಡಿನಷ್ಟು ದೊಡ್ಡವು. ಹಿಂಬದಿ ನ್ಯೂಸ್‌ಪೇಪರ್ ಥರ ತಲೆಬರಹ, ಸುದ್ದಿ ಇದೆ. ಇವು ಟಾಪ್ಸ್ ಎಂಬ ಕಾರ್ಡ್ ಕಂಪನಿಯ 1964ರ ‘ಟಾಪ್ಸ್ ಜೈಂಟ್ಸ್’ ಎಂದು ಪರಿಚಯದವರು ಹೇಳಿದರು. ಆದರೆ ಜೈಂಟ್ಸ್ ತಂಡದವರು ಇದರಲ್ಲಿ ಕೆಲವರೇ ಇದ್ದಾರೆ! ದೊಡ್ಡ ಕಾರ್ಡ್‌ಗೆ ಬೆಲೆಯೂ ದೊಡ್ಡದಿರುತ್ತದೆಯೇ?

ಉತ್ತರ: ಮೊದಲು ಹೆಸರಿನ ಗೊಂದಲ ಮುಗಿಸೋಣ. ಇಲ್ಲಿ ‘ಜೈಂಟ್ಸ್’ ಅಂದರೆ ಸ್ಯಾನ್ ಫ್ರಾನ್ಸಿಸ್ಕೋದ ತಂಡ ಅಲ್ಲ, ಕಾರ್ಡಿನ ಗಾತ್ರ. 3⅛ ಇಂಚು ಅಗಲ, 5¼ ಇಂಚು ಉದ್ದ. ಎಲ್ಲ ತಂಡದ ಆಟಗಾರರೂ ಇದ್ದಾರೆ. ಈ ತಪ್ಪು ನೀವೊಬ್ಬರೇ ಮಾಡಿದ್ದಲ್ಲ, ಅಮೆರಿಕದವರೂ ಮಾಡುತ್ತಾರೆ.

ಇನ್ನು ಬೆಲೆ. ಇಲ್ಲ, ಗಾತ್ರ ನೋಡಿ ಯಾರೂ ದುಡ್ಡು ಕೊಡುವುದಿಲ್ಲ. ಎಷ್ಟೋ ಸಲ ಗಾತ್ರವೇ ಬೆಲೆಯನ್ನು ಕೆಳಗೆಳೆಯುತ್ತದೆ. ಟಾಪ್ಸ್ ಕಂಪನಿ 1957ರಿಂದ ಮಾಮೂಲಿ ಕಾರ್ಡಿಗೆ 2½ ಇಂಚು ಅಗಲ, 3½ ಇಂಚು ಉದ್ದ ಎಂಬ ಅಳತೆ ಹಿಡಿಯಿತು. ಆಮೇಲೆ ಡಬ್ಬಿ, ಆಲ್ಬಂ ಹಾಳೆ, ಪ್ಲಾಸ್ಟಿಕ್ ಕವರ್ ಎಲ್ಲವೂ ಅದೇ ಅಳತೆಗೆ ಬಂದವು. ಅಲ್ಲಿ ಹಿಡಿಸದ ಕಾರ್ಡನ್ನು ಹೆಚ್ಚಿನ ಸಂಗ್ರಹಕಾರರು ಪಕ್ಕಕ್ಕಿಟ್ಟರು. ಕೊಳ್ಳುವವರು ಕಡಿಮೆಯಾದರೆ ಬೆಲೆ ಏರುವುದು ಹೇಗೆ?

ನಿಮ್ಮ ಸೆಟ್‌ಗೆ ಇನ್ನೊಂದು ತೊಡಕಿದೆ. ಹಳೆಯ ಮಾಮೂಲಿ ಕಾರ್ಡುಗಳಿಗೆ ಬೆಲೆ ಬಂದದ್ದೇ ಅವು ಹಾಳಾದದ್ದರಿಂದ. ಹುಡುಗರು ಸೈಕಲ್ ಚಕ್ರಕ್ಕೆ ಸಿಕ್ಕಿಸಿದರು, ರಬ್ಬರ್ ಬ್ಯಾಂಡ್ ಬಿಗಿದರು, ಅಮ್ಮಂದಿರು ಕಸಕ್ಕೆ ಹಾಕಿದರು. ಟಾಪ್ಸ್‌ನ ಸೈ ಬರ್ಗರ್ ಅಂತೂ ಮಾರಾಟವಾಗದೆ ಉಳಿದ 1952ರ ಕಾರ್ಡುಗಳನ್ನು 1960ರ ಸುಮಾರಿಗೆ ದೋಣಿಯಲ್ಲಿ ಒಯ್ದು ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದರು. ಅದೇ 1952ರ, ಹೆಸರಾಂತ ಆಟಗಾರ ಮಿಕಿ ಮ್ಯಾಂಟಲ್ ಅವರ ಕಾರ್ಡ್ ಒಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರ್‌ಗೆ ಹರಾಜಾಯಿತು. 1964ರ ಜೈಂಟ್ಸ್‌ಗೆ ಆ ಗತಿ ಬರಲಿಲ್ಲ. ರಾಶಿಗಟ್ಟಲೆ ಕಾರ್ಡ್ ಕೈ ಮುಟ್ಟದೆ ಹಾಗೇ ಉಳಿದು, ಆಮೇಲೆ ವ್ಯಾಪಾರಿಗಳ ಮೂಲಕ ಮಾರುಕಟ್ಟೆಗೆ ಬಂತು. ಹಾಗಾಗಿ 60 ವರ್ಷ ಹಳೆಯದಾದರೂ ಹೊಸದರಂತಿರುವ ಕಾರ್ಡ್ ಈಗಲೂ ಸುಲಭವಾಗಿ ಸಿಗುತ್ತದೆ. ಹೆಸರು ಮಾಡದ ಆಟಗಾರರದ್ದು ಒಂದಕ್ಕೆ ಕೆಲವೇ ಡಾಲರ್.

ಹಾಗಂತ ಡಬ್ಬಿ ಮುಚ್ಚಿಡಬೇಡಿ. ಸೆಟ್‌ನಲ್ಲಿ ಒಟ್ಟು 60 ಕಾರ್ಡ್. ಕೆಲವನ್ನು ಉಳಿದವಕ್ಕಿಂತ ಕಡಿಮೆ ಅಚ್ಚು ಹಾಕಿದ್ದರು. ಇವಕ್ಕೆ ‘ಶಾರ್ಟ್ ಪ್ರಿಂಟ್’ ಅನ್ನುತ್ತಾರೆ. 3ನೇ ನಂಬರಿನ ಸ್ಯಾಂಡಿ ಕೋಫ್ಯಾಕ್ಸ್, 51ನೇ ನಂಬರಿನ ವಿಲ್ಲಿ ಮೇಸ್ ಆ ಗುಂಪಿನವರು. ಇಬ್ಬರೂ ದೊಡ್ಡ ಆಟಗಾರರು, ಜೊತೆಗೆ ಕಾರ್ಡೂ ಕಡಿಮೆ. 45ನೇ ನಂಬರಿನ ಗೇಲನ್ ಸಿಸ್ಕೊ ಅಷ್ಟು ದೊಡ್ಡ ಹೆಸರಲ್ಲ, ಆದರೆ ಅವನೂ ಶಾರ್ಟ್ ಪ್ರಿಂಟ್. ಸೆಟ್ ಪೂರ್ತಿ ಮಾಡುವವರು ಅವನನ್ನು ಹುಡುಕಿಕೊಂಡು ಬರುತ್ತಾರೆ. 25ನೇ ನಂಬರ್ ಮ್ಯಾಂಟಲ್ ಶಾರ್ಟ್ ಪ್ರಿಂಟ್ ಅಲ್ಲ, ಆದರೂ ಮ್ಯಾಂಟಲ್ ಅಲ್ವಾ, ಬೇಡಿಕೆ ಇದ್ದೇ ಇದೆ. ಈ ನಾಲ್ಕು ನಂಬರ್ ನಿಮ್ಮ 43ರಲ್ಲಿ ಇವೆಯೇ ಎಂದು ಇವತ್ತೇ ನೋಡಿ. ಒಂದು ಸಿಕ್ಕರೂ 15 ಡಾಲರ್ ಎಂದೋ ವಾಪಸ್ ಬಂದ ಹಾಗೆ.

ಬೆಲೆ ತಿಳಿಯಲು ಮಾರುವವರು ಕೇಳುವ ಬೆಲೆ ನೋಡಬೇಡಿ. ಕೇಳುವುದಕ್ಕೇನು, ಯಾರು ಎಷ್ಟು ಬೇಕಾದರೂ ಕೇಳಬಹುದು. ಇಬೇಯಲ್ಲಿ ‘ಸೋಲ್ಡ್’ ಎಂಬ ಆಯ್ಕೆ ಒತ್ತಿ, ನಿಜಕ್ಕೂ ಮಾರಾಟವಾದ ಬೆಲೆ ನೋಡಿ. ಅದೇ ನಂಬರ್, ಅದೇ ಸ್ಥಿತಿಯ ನಾಲ್ಕೈದು ಮಾರಾಟ ಸಿಕ್ಕರೆ ಸಾಕು. ದೊಡ್ಡ ಹರಾಜು ಸಂಸ್ಥೆಗಳ ಬೆಲೆ ನೋಡುವಾಗ ಅದರಲ್ಲಿ ಕೊಳ್ಳುವವರ ಕಮಿಷನ್ ಸೇರಿರುತ್ತದೆ ಎಂಬುದು ನೆನಪಿರಲಿ. ಅಷ್ಟೂ ದುಡ್ಡು ಮಾರಿದವರ ಕೈಗೆ ಬರುವುದಿಲ್ಲ.

ಪ್ರಶ್ನೆ: ಹಳೇ ಸಾಮಾನಿನ ಅಂಗಡಿಯಲ್ಲಿ ಹಿಂದಿನ ಕಾಲದ ಬೇಸ್‌ಬಾಲ್ ಆಟಗಾರ ಟೈ ಕಾಬ್ ಚಿತ್ರದ, ಸಣ್ಣ ನೋಟ್‌ಬುಕ್ಕಿನಷ್ಟು ದೊಡ್ಡ ಕಾರ್ಡ್ ನೋಡಿದೆ. ಮರದ ಫ್ರೇಮು, ಗಾಜು ಎಲ್ಲ ಇದೆ. ‘ಟರ್ಕಿ ರೆಡ್, 1911’ ಎಂದು ಚೀಟಿ ಅಂಟಿಸಿದ್ದಾರೆ. 400 ಡಾಲರ್ ಹೇಳುತ್ತಿದ್ದಾರೆ. ತೆಗೆದುಕೊಳ್ಳಲೇ? — ಷಿಕಾಗೊದಿಂದ

ಉತ್ತರ: ಗಾಜಿನ ಹಿಂದೆ ಇರುವ ತನಕ ಬೇಡ. ಫ್ರೇಮ್ ಬಿಚ್ಚಲು ಒಪ್ಪಿದರೆ ಮುಂದಿನ ಮಾತು.

ದೊಡ್ಡ ಕಾರ್ಡುಗಳಲ್ಲಿ ನನಗೆ ಅತಿ ಇಷ್ಟದವು ಇವೇ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ. ಟರ್ಕಿ ರೆಡ್ ಒಂದು ಸಿಗರೇಟ್ ಬ್ರ್ಯಾಂಡ್. ಆ ಕಾಲದ ಮಾಮೂಲಿ ಕಾರ್ಡುಗಳು ಸಿಗರೇಟ್ ಪ್ಯಾಕಿನೊಳಗೇ ಬರುತ್ತಿದ್ದವು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡವು ಅಷ್ಟೆ. ಇದು 5¾ ಇಂಚು ಅಗಲ, 8 ಇಂಚು ಉದ್ದ. ಪ್ಯಾಕಿನಲ್ಲಿ ಹಿಡಿಸುವುದು ಎಲ್ಲಿಂದ ಬಂತು! ಅದಕ್ಕೇ ಕೂಪನ್ ಇಟ್ಟರು. ಟರ್ಕಿ ರೆಡ್‌ನ 10 ಕೂಪನ್‌ಗೆ ಒಂದು ಕಾರ್ಡ್. ಫೆಜ್ ಅಥವಾ ಓಲ್ಡ್ ಮಿಲ್ ಸೇದುವವರಾದರೆ 25 ಕೂಪನ್. ಕೂಡಿಟ್ಟು ಅಂಚೆಗೆ ಹಾಕಿದರೆ ಕಾರ್ಡ್ ಮನೆಗೆ ಬರುತ್ತಿತ್ತು. ಒಟ್ಟು 126 ಕಾರ್ಡ್: 100 ಬೇಸ್‌ಬಾಲ್ ಆಟಗಾರರು, 26 ಬಾಕ್ಸರ್‌ಗಳು. ಇಡೀ ಸೆಟ್ ಬೇಕೆಂದರೆ ಒಬ್ಬ ಮನುಷ್ಯ ಎಷ್ಟು ಹೊಗೆ ಬಿಡಬೇಕಿತ್ತು, ನೀವೇ ಲೆಕ್ಕ ಹಾಕಿ.

ಸಂಗ್ರಹಕಾರರು ಇದನ್ನು ಟಿ3 ಅನ್ನುತ್ತಾರೆ. ಈ ಗುರುತು ಕೊಟ್ಟವರು ಜೆಫರ್ಸನ್ ಬರ್ಡಿಕ್. ಅಮೆರಿಕದ ಕಾರ್ಡುಗಳನ್ನೆಲ್ಲ ವಿಂಗಡಿಸಿ ನಂಬರ್ ಕೊಟ್ಟ ಮಹಾನುಭಾವ. ಅವರ ಸಂಗ್ರಹ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಬೇಸ್‌ಬಾಲ್ ಕಾರ್ಡುಗಳೇ 30 ಸಾವಿರಕ್ಕೂ ಜಾಸ್ತಿ. ಆಗಾಗ ಒಂದಷ್ಟನ್ನು ಪ್ರದರ್ಶನಕ್ಕಿಡುತ್ತಾರೆ. ಆ ಕಡೆ ಹೋದಾಗ ನೋಡಿ ಬನ್ನಿ. ಅಸಲಿಯನ್ನು ಒಮ್ಮೆ ಕಣ್ಣಾರೆ ಕಂಡವರನ್ನು ಯಾಮಾರಿಸುವುದು ಅಷ್ಟು ಸುಲಭವಲ್ಲ.

ಈಗ ನಿಮ್ಮ ಕಾರ್ಡಿಗೆ ಬರೋಣ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಒಯ್ಯಿರಿ. ಅಸಲಿ ಟರ್ಕಿ ರೆಡ್ ಕಲ್ಲಚ್ಚಿನದು. ಒಂದೊಂದು ಬಣ್ಣವನ್ನೂ ಬೇರೆ ಬೇರೆಯಾಗಿ ಒತ್ತಿದ್ದು. ಭೂತಗನ್ನಡಿಯಲ್ಲಿ ನೋಡಿದರೆ ಬಣ್ಣ ತುಂಬಿ ನಿಂತಿರುತ್ತದೆ, ಚುಕ್ಕಿ ಇದ್ದರೂ ಅಂಕುಡೊಂಕಾಗಿರುತ್ತದೆ. ಇತ್ತೀಚಿನ ಮರುಮುದ್ರಣದಲ್ಲಿ ನಾಲ್ಕೇ ಬಣ್ಣದ ಪುಟ್ಟ ಚುಕ್ಕಿಗಳು ರಂಗೋಲಿ ಇಟ್ಟ ಹಾಗೆ ಸಾಲಾಗಿ ಕೂತಿರುತ್ತವೆ. ಅಕ್ಷರದ ಅಂಚನ್ನೂ ನೋಡಿ. ಅಲ್ಲೂ ಚುಕ್ಕಿ ಕಂಡರೆ ಅದು ಫೋಟೊ ಹೊಡೆದು ಅಚ್ಚು ಹಾಕಿದ್ದು. ಇನ್ನೊಂದು ಪರೀಕ್ಷೆ ನೋಟು ನೋಡುವ ನೀಲಿ ದೀಪದ್ದು. ಕಾಗದ ಬೆಳ್ಳಗೆ ಕಾಣಲಿ ಅಂತ ರಾಸಾಯನಿಕ ಸೇರಿಸುವ ಅಭ್ಯಾಸ ಬಂದದ್ದು ಎರಡನೇ ಮಹಾಯುದ್ಧದ ಆಸುಪಾಸಿನಿಂದ ಈಚೆಗೆ. 1911ರ ಕಾರ್ಡ್ ಆ ದೀಪದ ಕೆಳಗೆ ಫಳಫಳ ಹೊಳೆಯಬಾರದು. ಹೊಳೆದರೆ ಕೈ ಮುಗಿದು ಹೊರಗೆ ಬನ್ನಿ. ಹೊಳೆಯಲಿಲ್ಲ ಎಂದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ. ಹಳೇ ಕಾಗದದ ಮೇಲೆ ಹೊಸ ಅಚ್ಚು ಹಾಕುವ ಜಾಣರೂ ಇದ್ದಾರೆ.

ಅಸಲಿಯೇ ಆದರೂ ಅಳತೆ ಮಾಡಲೇಬೇಕು. ಈ ಕಾರ್ಡುಗಳ ಚಿತ್ರದ ಸುತ್ತ ಬೂದು ಬಣ್ಣದ ಚೌಕಟ್ಟನ್ನು ಅಚ್ಚಿನಲ್ಲೇ ಕೊಟ್ಟಿದ್ದಾರೆ. ಸಿಗರೇಟ್ ಕಂಪನಿಯ ಉದ್ದೇಶವೇ ಅದು, ಜನ ಗೋಡೆಗೆ ಹಾಕಲಿ ಅಂತ. ಜನ ಹಾಕಿದರು ಕೂಡ. ಮೊಳೆ ಹೊಡೆದರು, ಗೋಂದು ಹಚ್ಚಿದರು, ಫ್ರೇಮಿನಲ್ಲಿ ಹಿಡಿಸದಿದ್ದರೆ ಅಂಚು ಕತ್ತರಿಸಿದರು. ಕಾರ್ಡಿನ ಸ್ಥಿತಿ ಪರೀಕ್ಷಿಸಿ ಅಂಕ ಕೊಡುವ ಗ್ರೇಡಿಂಗ್ ಕಂಪನಿಗಳು ಅಂಚು ಕತ್ತರಿಸಿದ ಕಾರ್ಡಿಗೆ ಅಂಕ ಕೊಡುವುದಿಲ್ಲ, ಬರೀ ‘ಅಸಲಿ’ ಎಂದು ಬರೆದು ಕೊಡಬಹುದು. ಬೆಲೆ ಬಿದ್ದುಹೋಗುತ್ತದೆ. ಆದರೂ ಅಂಥ ಟೈ ಕಾಬ್ 400 ಡಾಲರ್‌ಗೆ ಸಿಗುವ ವಸ್ತುವಲ್ಲ. ಅಂಗಡಿಯವರಿಗೆ ಗೊತ್ತಿಲ್ಲದೆ ಅಗ್ಗಕ್ಕೆ ಕೊಡುತ್ತಿದ್ದಾರೆ ಎಂದು ನಿಮಗೆ ಅನ್ನಿಸುತ್ತಿರಬಹುದು. ಅಷ್ಟು ದೊಡ್ಡ ಹೆಸರು, ಅಷ್ಟು ಕಡಿಮೆ ಬೆಲೆ! ನನಗೆ ಅನುಮಾನ ಬಂದಿದ್ದೇ ಅಲ್ಲಿ.

ಅಂಚಿನ ವಿಷಯದಲ್ಲಿ ನಾನೂ ಬೇಸ್ತು ಬಿದ್ದವನೇ. ವರ್ಷಗಳ ಹಿಂದೆ ಒಂದು ಮೇಳದಲ್ಲಿ 1964ರ ಜೈಂಟ್ ಕೋಫ್ಯಾಕ್ಸ್ ಕೊಂಡೆ. ಮೂಲೆಗಳು ಸೂಜಿಯಂತಿದ್ದವು. ಅದೇ ಖುಷಿಯಲ್ಲಿ ಅಳೆಯಲಿಲ್ಲ. ಗ್ರೇಡಿಂಗ್‌ಗೆ ಕಳಿಸಿದ ಮೇಲೆ ‘ಟ್ರಿಮ್ ಆಗಿದೆ’ ಎಂಬ ಚೀಟಿ ಬಂತು. ಒಂದು ಕಡೆ ಕೂದಲೆಳೆಯಷ್ಟು ಕತ್ತರಿಸಿದ್ದರು. ಆ ಕಾರ್ಡ್ ಈಗಲೂ ನನ್ನ ಮೇಜಿನ ಮೇಲಿದೆ, ಪಕ್ಕದಲ್ಲಿ ಸ್ಟೀಲ್ ಸ್ಕೇಲು.

ಪ್ರಶ್ನೆ: ಮಗಳು ಅಮೆರಿಕದಿಂದ ಬರುವಾಗ ಅಳಿಯನ ಹಳೇ ಸಂಗ್ರಹದ ಕೆಲವು ದೊಡ್ಡ ಕಾರ್ಡ್ ತಂದಿದ್ದಾಳೆ. 1970ರ ‘ಟಾಪ್ಸ್ ಸೂಪರ್’, ಮೂಲೆಗಳು ದುಂಡಗಿವೆ. ನಮ್ಮ ಮಂಗಳೂರಿನ ಮಳೆಗಾಲ ನಿಮಗೆ ಗೊತ್ತಲ್ಲ. ಲ್ಯಾಮಿನೇಟ್ ಮಾಡಿಸಿಬಿಡೋಣ ಅಂತಿದ್ದೇನೆ.

ಉತ್ತರ: ದಯವಿಟ್ಟು ಬೇಡ! ಮಾರ್ಕ್ಸ್‌ಕಾರ್ಡಿನಿಂದ ಹಿಡಿದು ರೇಷನ್ ಕಾರ್ಡಿನ ತನಕ ಲ್ಯಾಮಿನೇಟ್ ಮಾಡಿಸಿದರೇ ನಮಗೆ ಸಮಾಧಾನ. ಆದರೆ ಲ್ಯಾಮಿನೇಟ್ ಮಾಡಿದ ಕಾರ್ಡಿಗೆ ಸಂಗ್ರಹಕಾರರ ಲೆಕ್ಕದಲ್ಲಿ ಬೆಲೆ ಹೋಯಿತೆಂದೇ ಅರ್ಥ. ಬಿಸಿಗೆ ಅಂಟು ಕಾಗದದೊಳಗೆ ಇಳಿಯುತ್ತದೆ, ಮತ್ತೆ ಬಿಡಿಸಲು ಆಗುವುದಿಲ್ಲ.

1970ರ ಸೂಪರ್ 42 ಕಾರ್ಡಿನ ಸೆಟ್. ಗಾತ್ರ 1964ರ ಜೈಂಟ್ಸ್‌ನಷ್ಟೇ, ಆದರೆ ಕಾಗದ ದಪ್ಪ. ದಪ್ಪ ಇದೆ ಎಂದು ಧೈರ್ಯವಾಗಿರಬೇಡಿ. ಥಂಡಿಗೆ ದೊಡ್ಡ ಕಾರ್ಡ್ ಬೇಗ ಬಾಗುತ್ತದೆ. ಅದೇ ಅಳತೆಯ, ಪಿವಿಸಿ ಇಲ್ಲದ ಪ್ಲಾಸ್ಟಿಕ್ ಕವರ್ ಸಿಗುತ್ತದೆ. ಮಗಳಿಗೆ ಹೇಳಿದರೆ ಮುಂದಿನ ಸಲ ತರುತ್ತಾಳೆ. ಪಿವಿಸಿ ಕವರ್ ಅಂದರೆ ಹಳೇ ಫೋಟೊ ಆಲ್ಬಂಗಳಲ್ಲಿ ಬರುತ್ತಿತ್ತಲ್ಲ, ಒಂಥರಾ ವಾಸನೆಯ ಮೆತ್ತನೆಯ ಹಾಳೆ, ಅದು. ವರ್ಷ ಕಳೆದಂತೆ ಜಿಗುಟಾಗಿ ಕಾರ್ಡಿಗೆ ಅಂಟಿಕೊಳ್ಳುತ್ತದೆ. ಕವರಿಗೆ ಹಾಕಿದ ಕಾರ್ಡನ್ನು ಗಟ್ಟಿ ಹಲಗೆಯಂಥ ಹೋಲ್ಡರಿನಲ್ಲಿಟ್ಟು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪುಡಿಕೆ ಜೊತೆ ಮುಚ್ಚಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಪುಡಿಕೆಯನ್ನು ಆಗಾಗ ಬದಲಿಸುತ್ತಿರಿ. ಹೊರಗೋಡೆಗೆ ತಾಗಿದ ಕಪಾಟು ಬೇಡ. ಅಕ್ಕಿ ಡಬ್ಬಿಯಲ್ಲಿ ಹುಗಿದಿಡುವ ಉಪಾಯವನ್ನೂ ಒಬ್ಬರು ಕೇಳಿದ್ದರು. ಹುಳ ಬಂದರೆ ಎರಡೂ ಹೋಗುತ್ತವೆ.

ಅಂದ ಹಾಗೆ, ನಿಮ್ಮ ಕಾರ್ಡುಗಳಲ್ಲಿ 38ನೇ ನಂಬರ್ ಬೂಗ್ ಪೊವೆಲ್ ಇದ್ದರೆ ಅಳಿಯನಿಗೆ ಫೋನ್ ಮಾಡಿ. ಆ ಸೆಟ್‌ನಲ್ಲಿ ಕಷ್ಟಪಟ್ಟು ಹುಡುಕಬೇಕಾದ ಕಾರ್ಡ್ ಅದೇ.

ಪ್ರಶ್ನೆ: ಹಿಂಬದಿ ಖಾಲಿ ಇರುವ, ಒಂದೇ ಬಣ್ಣದ, ಅಂಚೆ ಕಾರ್ಡ್ ಗಾತ್ರದ ಟೆಡ್ ವಿಲಿಯಮ್ಸ್ ಚಿತ್ರ ಸಿಕ್ಕಿದೆ. ಇಸವಿಯೇ ಇಲ್ಲ. ಇದು ಕಾರ್ಡೇ?

ಉತ್ತರ: ಹೌದು, ‘ಎಕ್ಸಿಬಿಟ್’ ಕಾರ್ಡ್ ಇರಬೇಕು. ಷಿಕಾಗೊದ ಎಕ್ಸಿಬಿಟ್ ಸಪ್ಲೈ ಕಂಪನಿ 1921ರಿಂದ 1966ರವರೆಗೆ ಇವನ್ನು ತಯಾರಿಸಿತು. ಮನರಂಜನೆಯ ಅಂಗಡಿಗಳಲ್ಲಿ ಯಂತ್ರಕ್ಕೆ ನಾಣ್ಯ ಹಾಕಿದರೆ ಒಂದು ಕಾರ್ಡ್ ಬೀಳುತ್ತಿತ್ತು. ಅಳತೆ 3⅜ ಇಂಚು ಅಗಲ, 5⅜ ಇಂಚು ಉದ್ದ. ಒಂದೇ ಚಿತ್ರವನ್ನು ವರ್ಷಗಟ್ಟಲೆ ಅಚ್ಚು ಹಾಕುತ್ತಿದ್ದರು. ಹಾಗಾಗಿ ಇದೇ ಇಸವಿ ಎಂದು ಹಟ ಹಿಡಿದು ಹೇಳಲು ಬರುವುದಿಲ್ಲ. ಕಂಪನಿ ಮುಚ್ಚಿದ ಮೇಲೂ ಇವುಗಳ ಮರುಮುದ್ರಣ ಬಂದಿದೆ. ತೀರಾ ಬೆಳ್ಳಗಿದ್ದು, ಅಕ್ಷರ ಮಸುಕಾಗಿದ್ದರೆ ಅನುಮಾನಪಡಿ. ಗೊತ್ತಿರುವ ಅಸಲಿ ಕಾರ್ಡನ್ನು ಪಕ್ಕದಲ್ಲಿಟ್ಟು ಕೆಳ ಅಂಚಿನ ಸಣ್ಣ ಅಕ್ಷರಗಳನ್ನು ಹೋಲಿಸಿ ನೋಡಿ.

ಪ್ರಶ್ನೆ: 1969ರ ‘ಟಾಪ್ಸ್ ಸೂಪರ್’ ರೆಜಿ ಜಾಕ್ಸನ್ ಕೊಳ್ಳಬೇಕು. ಅದಕ್ಕೆ ಮುಂಚಿತವಾಗಿ ದೊಡ್ಡ ಹೋಲ್ಡರ್ ತರಿಸಿಟ್ಟಿದ್ದೇನೆ. ಸರಿ ತಾನೆ?

ಉತ್ತರ: ಹೋಲ್ಡರ್ ವಾಪಸ್ ಮಾಡಿ. ಹೆಸರು ಸೂಪರ್ ಆದರೂ 1969ರದ್ದು ಮಾಮೂಲಿ ಕಾರ್ಡಿಗಿಂತ ಚಿಕ್ಕದು: 2¼ ಇಂಚು ಅಗಲ, 3¼ ಇಂಚು ಉದ್ದ. ದೊಡ್ಡದಾಗಿದ್ದು ಮರುವರ್ಷದಿಂದ. ಆದರೆ ಬೆಲೆಯಲ್ಲಿ ಈ ಚಿಕ್ಕದೇ ದೊಡ್ಡಣ್ಣ, ಏಕೆಂದರೆ ಉಳಿದಿರುವುದು ಕಡಿಮೆ. ಯಾರಾದರೂ ಅಂಚೆ ಕಾರ್ಡಿನಷ್ಟು ದೊಡ್ಡ ‘1969 ಸೂಪರ್’ ತೋರಿಸಿದರೆ ಅದು ಆ ಸೆಟ್‌ನದ್ದಲ್ಲ. ದುಡ್ಡು ಕಳಿಸುವ ಮೊದಲು ಸ್ಕೇಲ್ ಪಕ್ಕದಲ್ಲಿಟ್ಟು ತೆಗೆದ ಫೋಟೊ ಕೇಳಿ, ಹಿಂದು ಮುಂದು ಎರಡೂ ಕಡೆಯದ್ದು.