ಡಿಸ್ಕ್ ಸವೆದಿದೆ ಅಂದರು, ತೋಟ ಬಿಡಬೇಕಾ?

ಪ್ರಶ್ನೆ: ಮೇಡಂ, ನನಗೆ 48 ವರ್ಷ. ಕೊಡಗಿನ ಸಿದ್ದಾಪುರದ ಹತ್ತಿರ ರೊಬಸ್ಟಾ ಕಾಫಿ ತೋಟ ಇದೆ, ಜೊತೆಗೆ ಕರಿಮೆಣಸು. ಮೂರು ವರ್ಷದಿಂದ ಸೊಂಟ ನೋವು. ಬೆಳಿಗ್ಗೆ ಎದ್ದಾಗ ಬೆನ್ನು ಹಿಡಿದುಕೊಂಡಿರುತ್ತದೆ, ಜೀಪ್ ಓಡಿಸಿದ ದಿನ ರಾತ್ರಿ ಮಗ್ಗುಲು ಬದಲಿಸುವುದೂ ಕಷ್ಟ. ಕಾಲಿಗೆ ನೋವು ಇಳಿಯುವುದಿಲ್ಲ. ಮೈಸೂರಿನಲ್ಲಿ ಎಂಆರ್‌ಐ ಮಾಡಿಸಿದೆ. ಸೊಂಟದ ಕೆಳಗಿನ ಎರಡು ಡಿಸ್ಕ್ (ಎಲ್4-ಎಲ್5, ಎಲ್5-ಎಸ್1) ಸವೆದಿದೆ, ನೀರಿನ ಅಂಶ ಕಮ್ಮಿಯಾಗಿದೆ ಅಂತ ಬರೆದಿದ್ದಾರೆ. ಆಪರೇಷನ್ ಬೇಡ, ಹೊಟ್ಟೆ, ಬೆನ್ನು ಗಟ್ಟಿಯಾಗುವ ವ್ಯಾಯಾಮ ಮಾಡಿ ಅಂದರು, ಯಾವುದು ಅಂತ ತೋರಿಸಲಿಲ್ಲ. ಮಗ ಜಿಮ್‌ಗೆ ಹೋಗುತ್ತಾನೆ, ಅವನ ಮಾತು ಕೇಳಿ ಸಿಟ್-ಅಪ್ ಮಾಡಿದೆ, ನೋವು ಜಾಸ್ತಿ ಆಯ್ತು. ಈಗ ಬೆಲ್ಟ್ ಹಾಕಿಕೊಂಡೇ ಓಡಾಡುತ್ತೇನೆ. ನೆಂಟರೆಲ್ಲ ತೋಟದ ಕೆಲಸ ಬಿಟ್ಟುಬಿಡು ಅಂತಾರೆ. ಬಿಡಬೇಕಾ?
ಹೆಸರು ಬೇಡ, ಸಿದ್ದಾಪುರ

ಉತ್ತರ: ಬಿಡಬೇಡಿ. ಮೊದಲು ಆ ರಿಪೋರ್ಟ್ ಬಗ್ಗೆ ಮಾತಾಡೋಣ, ಯಾಕಂದ್ರೆ ನೋವಿಗಿಂತ ಜಾಸ್ತಿ ಅದೇ ನಿಮ್ಮನ್ನು ಹೆದರಿಸಿದೆ ಅನ್ನಿಸುತ್ತದೆ. ಬೆನ್ನುಮೂಳೆಗಳ ನಡುವಿನ ಡಿಸ್ಕ್‌ಗೆ ಹೊರಗೆ ಗಟ್ಟಿ ನಾರಿನ ಸುತ್ತು, ಒಳಗೆ ನೀರು ತುಂಬಿದ ಮೆತ್ತಗಿನ ತಿರುಳು. ವಯಸ್ಸಾದ ಹಾಗೆ ಆ ನೀರು ಕಮ್ಮಿಯಾಗುತ್ತದೆ, ಡಿಸ್ಕ್ ತೆಳುವಾಗುತ್ತದೆ. ಇದನ್ನೇ ಕೆಲವರು ‘ಗ್ಯಾಪ್ ಬಂದಿದೆ’ ಅನ್ನುತ್ತಾರೆ, ಕೆಲವರು ‘ಸವೆದಿದೆ’ ಅನ್ನುತ್ತಾರೆ. 2015ರಲ್ಲಿ ಬಂದ ಒಂದು ದೊಡ್ಡ ಪರಿಶೀಲನೆಯಲ್ಲಿ ಬೆನ್ನು ನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್ ನೋಡಿದರು. 20ರ ವಯಸ್ಸಿನವರಲ್ಲೇ 37 ಶೇಕಡಾ ಜನರಿಗೆ ಡಿಸ್ಕ್ ಸವೆದಿತ್ತು, 50ರವರಲ್ಲಿ 80 ಶೇಕಡಾ. ನೆನಪಿಡಿ, ಇವರಿಗೆ ಯಾರಿಗೂ ನೋವಿರಲಿಲ್ಲ. ಹಾಗಂತ ನಿಮ್ಮ ನೋವು ಸುಳ್ಳು ಅಂತ ಅಲ್ಲ. ಸವೆದ ಡಿಸ್ಕ್ ಇಟ್ಟುಕೊಂಡೇ ನೋವಿಲ್ಲದೆ ಕೆಲಸ ಮಾಡುವ ಜನ ನಮ್ಮ ಸುತ್ತ ತುಂಬ ಇದ್ದಾರೆ, ನೀವೂ ಹಾಗೆ ಆಗಬಹುದು ಅಂತ.

ಸಿಟ್-ಅಪ್ ಯಾಕೆ ಕೈಕೊಟ್ಟಿತು ಅಂದ್ರೆ, ಅದರಲ್ಲಿ ಬೆನ್ನು ಪೂರ್ತಿ ಬಾಗುತ್ತದೆ, ಬಾಗಿದ ಬೆನ್ನಿನ ಮೇಲೆ ಪ್ರತಿ ಸಲ 300 ಕೆ.ಜಿ.ಗೂ ಮೀರಿದ ಒತ್ತಡ ಬೀಳುತ್ತದೆ. ಮಗನ ವಯಸ್ಸಿಗೆ ಅದು ನಡೆಯಬಹುದು. ನಿಮ್ಮ ಬೆನ್ನಿಗೆ ಈಗ ಬೇಕಾಗಿರುವುದು ಬೇರೆ. ಶಾಮಿಯಾನದ ಕಂಬ ನೆಟ್ಟಗೆ ನಿಲ್ಲುವುದು ಸುತ್ತಲಿನ ಹಗ್ಗಗಳೆಲ್ಲ ಸಮನಾಗಿ ಬಿಗಿದಿದ್ದಾಗ ಅಲ್ವಾ? ಬೆನ್ನುಮೂಳೆಗೂ ಮುಂದೆ ಹೊಟ್ಟೆಯ ಸ್ನಾಯು, ಪಕ್ಕದಲ್ಲಿ ಪಕ್ಕೆಯ ಸ್ನಾಯು, ಹಿಂದೆ ಮೂಳೆಗೆ ಅಂಟಿಕೊಂಡ ಸಣ್ಣ ಸ್ನಾಯುಗಳು, ಕೆಳಗೆ ಕುಂಡಿಯ ದೊಡ್ಡ ಸ್ನಾಯು ಎಲ್ಲಾ ಸೇರಿ ಆಸರೆ. ಬಹಳ ದಿನ ನೋವು ಅನುಭವಿಸಿದವರಲ್ಲಿ ಇವು ಸರಿಯಾದ ಹೊತ್ತಿಗೆ ಬಿಗಿಯುವುದನ್ನೇ ಮರೆಯುತ್ತವೆ, ಬೇಗ ಸುಸ್ತಾಗುತ್ತವೆ. ಆದ್ದರಿಂದ ಬಲಕ್ಕಿಂತ ಮೊದಲು ತಾಳಿಕೆ ಬರಬೇಕು. ಬೆನ್ನು ಅಲ್ಲಾಡದ ಹಾಗೆ ಹಿಡಿದು, ಕೈಕಾಲು ಮಾತ್ರ ಆಡಿಸುವ ವ್ಯಾಯಾಮ ಅದಕ್ಕೇ ಬೇಕು.

ಬಿಗಿ ಹಿಡಿಯುವುದು ಹೇಗೆ ಅಂತ ಮೊದಲು ಕಲಿಯಿರಿ. ಎರಡೂ ಕೈ ಸೊಂಟದ ಪಕ್ಕಕ್ಕೆ, ಪಕ್ಕೆಲುಬಿನ ಕೆಳಗೆ ಒತ್ತಿ ಸಣ್ಣಗೆ ಕೆಮ್ಮಿ. ಬೆರಳಿನ ಕೆಳಗೆ ಏನೋ ಗಟ್ಟಿಯಾಯ್ತಲ್ಲ, ಅದೇ. ಕೆಮ್ಮದೆ ಅಷ್ಟೇ ಬಿಗಿ ತಂದು, ಮಾಮೂಲಾಗಿ ಉಸಿರಾಡುತ್ತಾ ಹಿಡಿದುಕೊಳ್ಳಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ಉಸಿರು ಕಟ್ಟಬೇಡಿ.

ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನುಮೂಳೆ ಬಗ್ಗೆ ದಶಕಗಟ್ಟಲೆ ಕೆಲಸ ಮಾಡಿದ ಸ್ಟುವರ್ಟ್ ಮೆಗಿಲ್ ಅವರು ಮೂರು ವ್ಯಾಯಾಮ ಹೇಳುತ್ತಾರೆ. ನಾನು ಇವುಗಳಿಂದಲೇ ಶುರು ಮಾಡಿಸುತ್ತೇನೆ, ಒಂದು ಚಾಪೆ ಸಾಕು. ಮೊದಲನೆಯದು: ಅಂಗಾತ ಮಲಗಿ, ಒಂದು ಮಂಡಿ ಮಡಚಿ, ಇನ್ನೊಂದು ಕಾಲು ಚಾಚಿ. ಎರಡೂ ಅಂಗೈ ಸೊಂಟದ ಕೆಳಗಿನ ಖಾಲಿ ಜಾಗದಲ್ಲಿ ಇಡಿ. ಹೊಟ್ಟೆ ಬಿಗಿ ಮಾಡಿ ತಲೆ ಮತ್ತು ಭುಜ ನೆಲದಿಂದ ಸ್ವಲ್ಪವೇ ಎತ್ತಿ. ಗದ್ದ ಎದೆಗೆ ತಾಗಬಾರದು, ಕೆಳಗಿರುವ ಕೈಯ ಮೇಲೆ ಸೊಂಟದ ಒತ್ತಡ ಬದಲಾಗಬಾರದು. ನೋಡುವವರಿಗೆ ಇವರು ಏನೂ ಮಾಡುತ್ತಿಲ್ಲ ಅನ್ನಿಸಬೇಕು, ಅಷ್ಟು ಸಣ್ಣ ಚಲನೆ. ಎರಡನೆಯದು ಪಕ್ಕಕ್ಕೆ ಮಲಗಿ ಮಾಡುವುದು: ಮೊಣಕೈ ಭುಜದ ನೇರಕ್ಕೆ ಊರಿ, ಮಂಡಿ ಮಡಚಿಕೊಂಡು, ಸೊಂಟ ಎತ್ತಿ ಹಿಡಿಯಬೇಕು. ಭುಜ, ಸೊಂಟ, ಮಂಡಿ ಒಂದೇ ಗೆರೆಯಲ್ಲಿ ಬರಲಿ. ಭುಜ ನೋವಿದ್ದರೆ ಇದನ್ನು ಸದ್ಯ ಬಿಡಿ.

ಮೂರನೆಯದೇ ನನಗೆ ಬಹಳ ಇಷ್ಟ, ಎಲ್ಲರೂ ಅವಸರದಲ್ಲಿ ಹಾಳು ಮಾಡುವುದೂ ಅದನ್ನೇ. ಅಂಗೈ, ಮಂಡಿ ಊರಿ ನಿಲ್ಲಿ. ಬಲಗಾಲನ್ನು ಹಿಂದಕ್ಕೆ, ಎಡಗೈಯನ್ನು ಮುಂದಕ್ಕೆ ಚಾಚಿ. ಕಾಲು ಸೊಂಟಕ್ಕಿಂತ ಮೇಲೆ ಹೋಗಬೇಕಾಗಿಲ್ಲ, ಹಿಮ್ಮಡಿಯಿಂದ ಹಿಂದಿನ ಗೋಡೆಯನ್ನು ತಳ್ಳುವ ಹಾಗೆ ನೇರ ಹೋಗಲಿ. ಸರಿಯಾಗಿ ಮಾಡುತ್ತಿದ್ದೀರಾ ಅಂತ ತಿಳಿಯಬೇಕಾದರೆ ಮನೆಯವರಿಗೆ ಹೇಳಿ ಸೊಂಟದ ಮೇಲೆ ಅರ್ಧ ಲೋಟ ತಣ್ಣೀರು ಇಡಿಸಿ. ಕಾಲು ಎತ್ತುವ ಕ್ಷಣದಲ್ಲೇ ಲೋಟ ವಾಲುವುದು ಜಾಸ್ತಿ, ಯಾಕಂದ್ರೆ ಸೊಂಟ ಒಂದು ಕಡೆ ತಿರುಗಿಬಿಡುತ್ತದೆ. ಹಾಗಾದರೆ ಕೈ ಬಿಟ್ಟು ಕಾಲು ಮಾತ್ರ ಮಾಡಿ, ಅದೂ ಆಗದಿದ್ದರೆ ಕಾಲ್ಬೆರಳು ನೆಲದಲ್ಲೇ ಜಾರಿಸಿ. ನೀರು ಅಲ್ಲಾಡದೆ ನಿಂತ ದಿನ ಮುಂದಿನ ಹಂತಕ್ಕೆ ಹೋಗಿ.

ಪ್ರತಿಯೊಂದನ್ನೂ 8ರಿಂದ 10 ಸೆಕೆಂಡ್ ಹಿಡಿದು ಬಿಡಿ. ಮೊದಲ ಸುತ್ತಿನಲ್ಲಿ 6 ಸಲ, ಸ್ವಲ್ಪ ಸುಧಾರಿಸಿಕೊಂಡು 4 ಸಲ, ಆಮೇಲೆ 2 ಸಲ. ಎರಡನೆಯದು, ಮೂರನೆಯದನ್ನು ಎರಡೂ ಬದಿಗೆ ಮಾಡಬೇಕು. ಕಷ್ಟವಾದರೆ 3-2-1ರಿಂದ ಶುರು ಮಾಡಿ. ದಿನಾ ಮಾಡಿ, ಆದರೆ ಎದ್ದ ತಕ್ಷಣ ಬೇಡ. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಉಬ್ಬಿರುತ್ತದೆ, ಬೆಳಿಗ್ಗೆ ಬೆನ್ನು ಹಿಡಿದುಕೊಳ್ಳುವುದಕ್ಕೆ ಅದೂ ಒಂದು ಕಾರಣ. ಎದ್ದು ಒಂದು ಗಂಟೆಯವರೆಗೆ ಬಾಗುವ ಕೆಲಸವನ್ನೂ ತಪ್ಪಿಸಿ, ಕಾಫಿ ಕುಡಿದು, ಅಂಗಳದಲ್ಲಿ ಎರಡು ಸುತ್ತು ಹಾಕಿ, ಆಮೇಲೆ ಚಾಪೆ ಹಾಸಿ. ಮಾಡುವಾಗ ಸ್ವಲ್ಪ ನೋವಾಗಿ ಮರುದಿನ ಬೆಳಿಗ್ಗೆ ಮಾಮೂಲಿಗೆ ಬಂದರೆ ಹೆದರಬೇಡಿ. ನೋವು ಕಾಲಿಗೆ ಇಳಿಯಲು ಶುರುವಾದರೆ ನಿಲ್ಲಿಸಿ ತೋರಿಸಿಕೊಳ್ಳಿ. ವ್ಯತ್ಯಾಸ ಕಾಣಲು 6ರಿಂದ 12 ವಾರ ಬೇಕು.

ಇನ್ನೊಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಈ ವ್ಯಾಯಾಮಗಳೇ ಬೇರೆಲ್ಲಕ್ಕಿಂತ ಮೇಲು ಅಂತ ಸಂಶೋಧನೆ ತೋರಿಸಿಲ್ಲ. ನಡಿಗೆ, ಯೋಗ, ಈಜು ಎಲ್ಲದರಿಂದಲೂ ಉಪಯೋಗ ಇದೆ, ಬಿಡದೆ ಮಾಡಿದವರಿಗೆ ಗುಣ. ನಾನು ಇವನ್ನು ಹೇಳುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಹೊರಗೆ ಕಾಲಿಡುವುದೇ ಕಷ್ಟ ಅನ್ನುವ ಕಾರಣಕ್ಕೆ. ಮಳೆಗಾಲದಲ್ಲಿ ಜನ ಒಲೆ ಮುಂದೆ, ಟಿವಿ ಮುಂದೆ ಕೂತೇ ಇರ್ತಾರೆ, ಬೆನ್ನು ಮರಗಟ್ಟುತ್ತದೆ, ತಪ್ಪೆಲ್ಲ ಥಂಡಿಯ ಮೇಲೆ ಬೀಳುತ್ತದೆ. ಮಳೆ ಬಿಟ್ಟ ಮೇಲೆ ತೋಟದೊಳಗೆ ಕೈ ಬೀಸಿ ನಡೆಯಿರಿ, ಅದಕ್ಕೆ ಸಮ ಇನ್ನೊಂದಿಲ್ಲ.

ಕೆಲಸದ ಬಗ್ಗೆ. 50 ಕೆ.ಜಿ. ಚೆರಿ (ಒಣಗಿಸಿದ ಕಾಫಿ ಹಣ್ಣು) ಮೂಟೆ ಸದ್ಯ ನೀವೊಬ್ಬರೇ ಎತ್ತಬೇಡಿ. ಇಬ್ಬರಾಗಿ ಹಿಡಿದರೂ ಮೈಗೆ ಹತ್ತಿರ ಇರಲಿ, ಕುಂಡಿ ಹಿಂದಕ್ಕೆ ಹಾಕಿ ಮಂಡಿ ಮಡಚಿ ಎತ್ತಿ, ತಿರುಗುವಾಗ ಪಾದ ತಿರುಗಿಸಿ, ಸೊಂಟ ಬೇಡ. ಸ್ಪ್ರಿಂಕ್ಲರ್ ಪೈಪ್ ಬದಲಿಸುವಾಗಲೂ ಹಾಗೇ. ಕಾಡು (ಕಳೆ) ಹೊಡೆಯುವ ಮೆಷಿನ್ ಹಿಡಿದರೆ ಅದನ್ನು ತೂಗುಹಾಕುವ ಬೆಲ್ಟನ್ನು ಅಳತೆ ನೋಡಿ ಬಿಗಿದುಕೊಳ್ಳಿ, ಅರ್ಧ ಗಂಟೆಗೊಮ್ಮೆ ಇಳಿಸಿ. ಜೀಪಿನಿಂದ ಇಳಿದ ತಕ್ಷಣ ಡಿಕ್ಕಿಯಿಂದ ಸಾಮಾನು ಎತ್ತಬೇಡಿ, ಒಂದೆರಡು ನಿಮಿಷ ನಡೆದಾಡಿ ಎತ್ತಿ.

ಸೊಂಟದ ಬೆಲ್ಟ್ ಮೆಲ್ಲಗೆ ಬಿಡಿಸಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಬಹುಕಾಲದ ಸೊಂಟ ನೋವಿಗೆ ವ್ಯಾಯಾಮ ಬೇಕು ಅಂದಿದೆ, ಬೆಲ್ಟ್, ಟ್ರ್ಯಾಕ್ಷನ್ (ಬೆನ್ನನ್ನು ಎಳೆದು ಹಿಡಿಯುವ ಚಿಕಿತ್ಸೆ) ಮಾಮೂಲಾಗಿ ಬೇಡ ಅಂದಿದೆ. ಬೀಡಿ, ಸಿಗರೇಟ್ ಇದ್ದರೆ ಅದನ್ನೂ ಬಿಡಿ, ಡಿಸ್ಕ್‌ಗೆ ಸಿಗುವ ಅಷ್ಟಿಷ್ಟು ಪೋಷಣೆಯನ್ನೂ ಅದು ಕಸಿಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ಒಂದು ದಿನವೂ ಕಾಯಬೇಡಿ. ಮೂತ್ರ ಕಟ್ಟಿಕೊಂಡರೆ, ಅಥವಾ ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆ ಸಂದು, ಕೂರುವ ಜಾಗ ಮರಗಟ್ಟಿದರೆ, ಕಾಲಿನ ಶಕ್ತಿ ಕುಂದುತ್ತಾ ಹೋದರೆ ಎಷ್ಟು ಹೊತ್ತಾಗಿದ್ದರೂ ದೊಡ್ಡ ಆಸ್ಪತ್ರೆಗೆ ಹೊರಡಿ. ಜ್ವರದ ಜೊತೆ ಬೆನ್ನು ನೋವು ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ ಬೇಗ ಡಾಕ್ಟರಿಗೆ ತೋರಿಸಿ, ವ್ಯಾಯಾಮ ಆಮೇಲೆ.

ಪ್ರಶ್ನೆ: ಅಕ್ಕ, ನಾನು ಕಾಫಿ ಕುಯ್ಯಲು ಹೋಗುತ್ತೇನೆ, 36 ವರ್ಷ. ಸೊಂಟಕ್ಕೆ ಚೀಲ ಕಟ್ಟಿಕೊಂಡು ಕುಯ್ಯುವುದು ಪರವಾಗಿಲ್ಲ, ಕೆಳಗೆ ಬಿದ್ದ ಹಣ್ಣು ಹೆಕ್ಕುವಾಗ ಪ್ರಾಣ ಹೋಗುತ್ತದೆ. ಮನೆಗೆ ಬಂದರೆ ಅಡುಗೆ, ಮಕ್ಕಳು. ವ್ಯಾಯಾಮಕ್ಕೆ ಎಲ್ಲಿ ಸಮಯ?
ಓದುಗರು, ಶನಿವಾರಸಂತೆ

ಉತ್ತರ: ನಿಮಗೆ ದಿನಕ್ಕೆ ಹತ್ತು ನಿಮಿಷ ಸಾಕು ತಂಗಿ, ಅದನ್ನು ಮನೆಯವರು ನಿಮಗೆ ಬಿಟ್ಟುಕೊಡಬೇಕು. ಮೇಲಿನ ಮೂರರಲ್ಲಿ ಕೈ-ಕಾಲು ಚಾಚುವುದೊಂದನ್ನೇ ಮೊದಲು ಹಿಡಿಯಿರಿ. ಹೆಕ್ಕುವಾಗ ನಿಂತಲ್ಲಿಂದ ಬಾಗಬೇಡಿ, ಒಂದು ಮಂಡಿ ನೆಲಕ್ಕೆ ಊರಿ, ಆಗಾಗ ಮಂಡಿ ಬದಲಿಸಿ. ಕೆಳಗೆ ಟಾರ್ಪಾಲ್ ಹಾಸಿ ಕುಯ್ದರೆ ಹೆಕ್ಕುವ ಕೆಲಸವೇ ಅರ್ಧ ಉಳಿಯುತ್ತದೆ, ತೋಟದವರನ್ನು ಸಂಕೋಚ ಇಲ್ಲದೆ ಕೇಳಿ. ಚೀಲ ತುಂಬಿ ಭಾರ ಆಗುವವರೆಗೂ ಕಾಯಬೇಡಿ, ಅರ್ಧ ಆದಾಗಲೇ ಸುರಿಯಿರಿ.

ಪ್ರಶ್ನೆ: ನಮ್ಮ ತಾಯಿಗೆ 72. ಮೂಳೆ ಸವೆತ ಇದೆ ಅಂತ ಮಾತ್ರೆ ಕೊಟ್ಟಿದ್ದಾರೆ, ಸೊಂಟ ನೋವೂ ಇದೆ. ಇದೇ ವ್ಯಾಯಾಮ ಮಾಡಿಸಬಹುದಾ?
ನಾಪೋಕ್ಲು

ಉತ್ತರ: ಅಂಗಾತ ಮಲಗಿ ತಲೆ ಎತ್ತುವುದನ್ನು ಮಾಡಿಸಬೇಡಿ. ಮೂಳೆ ಸವೆತದಿಂದ (ಆಸ್ಟಿಯೋಪೊರೋಸಿಸ್) ಮೂಳೆ ಟೊಳ್ಳಾದವರಿಗೆ ಮುಂದಕ್ಕೆ ಬಾಗುವ ವ್ಯಾಯಾಮದಿಂದ ಬೆನ್ನುಮೂಳೆ ಕುಸಿಯುವ ಅಪಾಯ ಇದೆ. ಗೋಡೆ ಕಡೆ ಮುಖ ಮಾಡಿ ನಿಂತು, ಎರಡೂ ಅಂಗೈ ಗೋಡೆಗೆ ಊರಿ, ಒಂದೊಂದೇ ಕಾಲು ಹಿಂದಕ್ಕೆ ಸ್ವಲ್ಪ ಎತ್ತಿ ಇಳಿಸಲಿ. ಗಟ್ಟಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ಐದಾರು ಸಲ ಮಾಡಲಿ, ನೀವು ಪಕ್ಕದಲ್ಲೇ ನಿಂತಿರಿ. ಹೊಸದಾಗಿ ಜೋರು ನೋವು ಬಂದರೆ, ಬಿದ್ದಿಲ್ಲದಿದ್ದರೂ ಸರಿ, ಒಂದು ಎಕ್ಸ್‌ರೇ ತೆಗೆಸಿ.